ಕರೆಂಟು ಹೋದಾಗಲೆಲ್ಲ ಎಡಗೈ ಮರೆಯುತ್ತಿದ್ದ ಮೌಸ್

ನಾನು ಮೌಸ್ ಹಿಡಿಯುವುದು ಎಡಗೈಯಲ್ಲಿ. ಹುಟ್ಟು ಎಡಚ ಅಲ್ಲ. ಹದಿನೈದು ವರ್ಷ ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು ಅಂತ ಡಿಟಿಪಿ ಮಾಡಿ ಮಾಡಿ ಬಲ ಮಣಿಕಟ್ಟು ಕೈಕೊಟ್ಟಿತು. ಡಾಕ್ಟರು ಸ್ವಲ್ಪ ದಿನ ಬಲಗೈಗೆ ರಜೆ ಕೊಡಿ ಅಂದರು. ಆ ರಜೆ ಇನ್ನೂ ಮುಗಿದಿಲ್ಲ. ಮೌಸ್ ಎಡಗೈಗೆ ಬಂದ ಮೇಲೆ ಗುಂಡಿಗಳನ್ನೂ ಅದಲುಬದಲು ಮಾಡಿಕೊಂಡೆ. ಎಡಗೈಯ ತೋರುಬೆರಳು ಕೂರುವುದು ಬಲಗಡೆಯ ಗುಂಡಿಯ ಮೇಲೆ, ಹಾಗಾಗಿ ನನಗೆ ಅದೇ ಮುಖ್ಯ ಕ್ಲಿಕ್ಕು.

ಅಂಗಡಿಯಲ್ಲಿರುವುದು ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪು, 4 ಜಿಬಿ ರ‍್ಯಾಮ್. ಅದರಲ್ಲಿ ಡೆಬಿಯನ್ 12 ಅನ್ನುವ ಲಿನಕ್ಸ್, ಮೇಲೆ ಕಿಟಕಿಗಳನ್ನಷ್ಟೇ ನೋಡಿಕೊಳ್ಳುವ ಬರಿಯ ಓಪನ್‌ಬಾಕ್ಸ್. ಗ್ನೋಮ್, ಕೆಡಿಇಯಂಥ ದೊಡ್ಡ ಡೆಸ್ಕ್‌ಟಾಪು ಯಾವುದೂ ಇಲ್ಲ. ಪತ್ರಿಕೆ ವಿನ್ಯಾಸ ಮಾಡುವ ಇಂಕ್‌ಸ್ಕೇಪಿಗೆ ಮೆಮೊರಿ ಉಳಿಯಲಿ ಅಂತ ನಾನೇ ಹೀಗೆ ಮಾಡಿಕೊಂಡಿದ್ದು. ಆ ಉಳಿತಾಯಕ್ಕೆ ಬಡ್ಡಿ ಕಟ್ಟಿದ ಕಥೆ ಇದು.

ಒಂದು ಏಪ್ರಿಲ್ ಸಂಜೆ, ಮದುವೆ ಸೀಸನ್ನು. ಗಿರಾಕಿ ಮನೆಯ ಅಮ್ಮನವರು ಪಕ್ಕದ ಕುರ್ಚಿಯಲ್ಲಿ ಕೂತು ಪತ್ರಿಕೆಯ ಪ್ರೂಫು ನೋಡುತ್ತಿದ್ದರು. ಮೇಲಿನ ಗಣಪತಿಯನ್ನು ಚೂರು ಎಡಕ್ಕೆ ಸರಿಸೋಣ ಅಂತ ಒತ್ತಿದೆ. ಗಣಪತಿ ಸರಿಯಲಿಲ್ಲ, ಪಕ್ಕದಲ್ಲಿ ಉದ್ದದ ಮೆನು ಬಿಚ್ಚಿಕೊಂಡಿತು. ಅದನ್ನು ಮುಚ್ಚಲು ಗಡಿಬಿಡಿಯಲ್ಲಿ ಇನ್ನೊಂದು ಗುಂಡಿ ಒತ್ತಿದೆ. ಬಾಣ 'ಕಟ್' ಅನ್ನುವುದರ ಮೇಲಿತ್ತು.

"ಗಣಪತಿ ಎಲ್ಲಿ ಹೋದ ಮಾರಾಯ್ರೆ?" ಅಂದರು ಅಮ್ಮನವರು, ಅಪಶಕುನ ಕಂಡವರ ದನಿಯಲ್ಲಿ.

ಕಂಟ್ರೋಲ್ ಝಡ್ ಒತ್ತಿ ವಾಪಸು ಕರೆಸಿದೆ. ಆದರೆ ಗುಂಡಿಗಳು ಬಲಗೈಯವರ ಲೆಕ್ಕಕ್ಕೆ ಹೋಗಿಬಿಟ್ಟಿದ್ದವು, ಬಾಣದ ವೇಗವೂ ಬದಲಾಗಿತ್ತು. ಬೆಳಿಗ್ಗೆ ಸರಿ ಇತ್ತು. ಲಾಗೌಟ್ ಮಾಡಿ ಒಳಗೆ ಬಂದರೆ ಮತ್ತೆ ಸರಿ. ಎರಡು ದಿನ ಬಿಟ್ಟು ಮತ್ತೆ ಅದೇ ರಾಗ.

ಮೊದಲು ಬೈದದ್ದು ಮೌಸನ್ನು. 350 ರೂಪಾಯಿ ಕೊಟ್ಟು ಬೇರೆ ತಂದೆ. ಅದೂ ಮರೆಯಿತು. ಅಲ್ಲಿಗೆ ತಪ್ಪು ಮೌಸಿನದಲ್ಲ, ನನ್ನ ಸ್ಕ್ರಿಪ್ಟಿನದೇ ಇರಬೇಕು ಅನಿಸಿತು. ಓಪನ್‌ಬಾಕ್ಸಿನ ಆಟೋಸ್ಟಾರ್ಟ್ ಕಡತದಲ್ಲಿ ಎರಡು ಸಾಲು ಬರೆದಿಟ್ಟಿದ್ದೆ. ಮೌಸು, ಕೀಬೋರ್ಡಿನ ಸೆಟ್ಟಿಂಗ್ ಬದಲಿಸುವ ಎಕ್ಸ್‌ಇನ್‌ಪುಟ್ ಅನ್ನುವ ಕಮಾಂಡು, ಅದಕ್ಕೆ ಸೆಟ್-ಪ್ರಾಪ್, ಆಮೇಲೆ ಮೌಸಿನ ಕ್ರಮಾಂಕ 11, ಆಮೇಲೆ 'ಲಿಬ್‌ಇನ್‌ಪುಟ್ ಲೆಫ್ಟ್ ಹ್ಯಾಂಡೆಡ್ ಎನೇಬಲ್ಡ್' ಅನ್ನುವ ಗುಣದ ಹೆಸರು, ಕೊನೆಗೆ 1. ವೇಗಕ್ಕೆ ಇಂಥದೇ ಇನ್ನೊಂದು ಸಾಲು, 'ಆಕ್ಸೆಲ್ ಸ್ಪೀಡ್' ಅಂತ. ಅದರ ಬೆಲೆ ಮೈನಸ್ 1ರಿಂದ 1ರ ನಡುವೆ ಇರಬೇಕು, ನನ್ನದು ಮೈನಸ್ 0.4. ಇದಕ್ಕೂ ಮುಂಚೆ ಹಳೆಯ ಕಾಲದ 'ಎಕ್ಸ್‌ಸೆಟ್ ಎಂ' ಕಮಾಂಡಿನಲ್ಲಿ ವೇಗ ಇಳಿಸಲು ಹೋಗಿ ಅರ್ಧ ದಿನ ಕಳೆದಿದ್ದೆ. ಮೌಸನ್ನು ನಡೆಸುವ ಲಿಬ್‌ಇನ್‌ಪುಟ್ ಡ್ರೈವರು ಅದರ ಮಾತು ಕೇಳುವುದೇ ಇಲ್ಲ. ತಪ್ಪು ಅಂತ ಬಾಯಿಬಿಟ್ಟು ಹೇಳುವುದೂ ಇಲ್ಲ.

ಮುಂದಿನ ಸಲ ಮೌಸ್ ಮರೆತಾಗ 'ಎಕ್ಸ್‌ಇನ್‌ಪುಟ್ ಲಿಸ್ಟ್' ಕೊಟ್ಟು ನೋಡಿದೆ. 11ನೇ ಕ್ರಮಾಂಕದಲ್ಲಿ ಕೀಬೋರ್ಡು ಕೂತಿತ್ತು! ಮೌಸಿಗೆ ಬೇರೆ ನಂಬರು. ಈ ಕ್ರಮಾಂಕಗಳು ಬಸ್ಸಿನ ಸೀಟಿದ್ದಂತೆ, ಇಳಿದು ಹತ್ತಿದರೆ ಅದೇ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಸರಿ, ನಂಬರು ತೆಗೆದು ಹೆಸರು ಹಾಕಿದೆ. ಆಗ ಒಂದೇ ಹೆಸರಿನಲ್ಲಿ ಎರಡು ಸಾಧನ ಇವೆ ಅಂತ ಎಚ್ಚರಿಕೆ ಬಂತು. ಹೆಚ್ಚು ಗುಂಡಿ ಇರುವ ಕೆಲವು ಮೌಸುಗಳು ತಮ್ಮನ್ನು ಮೌಸ್ ಅಂತಲೂ ಕೀಬೋರ್ಡ್ ಅಂತಲೂ ಎರಡೆರಡು ಸಲ ಪರಿಚಯಿಸಿಕೊಳ್ಳುತ್ತವೆ. ಹೆಸರಿನ ಶುರುವಿನಲ್ಲಿ 'ಪಾಯಿಂಟರ್' ಮತ್ತು ಒಂದು ಕೋಲನ್ ಸೇರಿಸಿದ ಮೇಲೆ ಅದು ಸುಮ್ಮನಾಯಿತು.

ಹೀಗೆ ತಿದ್ದಿದ ಸ್ಕ್ರಿಪ್ಟು ಕೈಯಿಂದ ಓಡಿಸಿದರೆ ಕೆಲಸ ಮಾಡುತ್ತಿತ್ತು. ತಾನಾಗಿ ಓಡುತ್ತಿರಲಿಲ್ಲ, ಏಕೆಂದರೆ ಆಟೋಸ್ಟಾರ್ಟ್ ಓಡುವುದು ಲಾಗಿನ್ ಆದಾಗ ಒಂದೇ ಸಲ. ನಾನು ಏನು ಮಾಡಿದೆ? ವಿಂಡೋಸ್ ಕೀಲಿ ಮತ್ತು ಎಂ ಒತ್ತಿದರೆ ಆ ಸ್ಕ್ರಿಪ್ಟು ಓಡುವಂತೆ ಓಪನ್‌ಬಾಕ್ಸಿನಲ್ಲಿ ಶಾರ್ಟ್‌ಕಟ್ ಕೊಟ್ಟುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆರು ತಿಂಗಳು ಅದರಲ್ಲೇ ಕಾಲ ಹಾಕಿದೆ.

ಕಾರಣ ಸಿಕ್ಕಿದ್ದು ಒಂದು ಗುಡುಗು ಮಳೆಯ ಸಂಜೆ. ಮಲೆನಾಡಿನ ಅಂಚಿನ ಊರು ನಮ್ಮದು, ಗುಡುಗಿದರೆ ಸಾಕು ಕರೆಂಟು ಹೋಗುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುವುದರಿಂದ ನನ್ನ ಕೆಲಸ ನಿಲ್ಲುವುದಿಲ್ಲ, ಹಾಗಾಗಿ ನಾನು ಅದನ್ನು ಗಮನಿಸುತ್ತಲೂ ಇರಲಿಲ್ಲ. ಅವತ್ತು ಮಾತ್ರ ಫ್ಯಾನ್ ನಿಂತದ್ದೂ ಮೆನು ಬಿಚ್ಚಿಕೊಂಡದ್ದೂ ಒಟ್ಟೊಟ್ಟಿಗೆ ಆಯಿತು. ಕರೆಂಟು ಬಂದ ಮೇಲೆ ಟರ್ಮಿನಲ್ ತೆರೆದು, 'ಜರ್ನಲ್‌ಸಿಟಿಎಲ್'ಗೆ ಮೈನಸ್ ಕೆ, ಮೈನಸ್ ಎಫ್ ಕೊಟ್ಟು ಕರ್ನೆಲ್, ಅಂದರೆ ಲಿನಕ್ಸಿನ ತಿರುಳು, ಹೇಳುವುದನ್ನು ಕೇಳುತ್ತ ಕೂತೆ. ಇಪ್ಪತ್ತು ನಿಮಿಷದಲ್ಲಿ ಮತ್ತೆ ಹೋಯಿತು. ಪರದೆಯ ಮೇಲೆ ಸಾಲು ಸಾಲಾಗಿ ಬಿತ್ತು: ಯುಎಸ್‌ಬಿ 1-2 ಡಿಸ್ಕನೆಕ್ಟ್, 1-2.1 ಡಿಸ್ಕನೆಕ್ಟ್, 1-2.4 ಡಿಸ್ಕನೆಕ್ಟ್. ಎಲ್ಲ ಒಂದೇ ಸೆಕೆಂಡಿನಲ್ಲಿ. ಹಿಂದೆಯೇ ಹೊಸ ಸಾಧನ ಬಂತು, ಹೊಸ ಸಾಧನ ಬಂತು ಅಂತ ಅಷ್ಟೇ ಸಾಲು, ಹೊಸ ನಂಬರುಗಳ ಜೊತೆ.

1-2 ಅಂದರೆ ನನ್ನ ಯುಎಸ್‌ಬಿ ಹಬ್ಬು, ಒಂದು ತೂತನ್ನು ಹಲವು ಮಾಡುವ ಡಬ್ಬಿ. ಚುಕ್ಕಿಯ ನಂತರದ ಅಂಕೆ ಆ ಹಬ್ಬಿನ ಯಾವ ತೂತಿನಲ್ಲಿ ಏನು ಚುಚ್ಚಿದೆ ಅನ್ನುವುದು. ಕೀಬೋರ್ಡು, ಮೌಸು ಎರಡೂ ಹಬ್ಬಿನಲ್ಲಿ, ಹಬ್ಬಿಗೆ ಒಂದು ಅಡಾಪ್ಟರ್, ಆ ಅಡಾಪ್ಟರ್ ಇನ್ವರ್ಟರ್ ಲೈನ್ ಇಲ್ಲದ ಸ್ವಿಚ್ ಬೋರ್ಡಿನಲ್ಲಿ. ಕರೆಂಟು ಹೋದ ಕೂಡಲೇ ಹಬ್ಬು ಅಡಾಪ್ಟರ್ ಬಿಟ್ಟು ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಶಕ್ತಿ ಎಳೆಯಲು ಶುರುಮಾಡುತ್ತಿತ್ತು. ಆ ಬದಲಾವಣೆಯ ಕ್ಷಣದಲ್ಲಿ ಎಲ್ಲವೂ ಒಮ್ಮೆ ಸತ್ತು ಹುಟ್ಟುತ್ತಿದ್ದವು. ಒಂದೆರಡು ಸೆಕೆಂಡಿನ ಮಾತು. ಕಣ್ಣಿಗೆ ಕಂಡದ್ದು ಬರಿಯ ಮರೆವು.

ಆಮೇಲೆ ಅರ್ಥವಾಯಿತು, ಮೌಸ್ ಮರೆಯುತ್ತಿರಲಿಲ್ಲ. ಪರದೆ, ಮೌಸು, ಕೀಬೋರ್ಡು ನೋಡಿಕೊಳ್ಳುವ ಎಕ್ಸ್ ಸರ್ವರಿನ ಪುಸ್ತಕದಲ್ಲಿ ಹಳೆಯ ಮೌಸಿನ ಖಾತೆ ಮುಚ್ಚಿ ಹೊಸ ಮೌಸಿನ ಖಾತೆ ತೆರೆಯುತ್ತಿತ್ತು, ಅಷ್ಟೇ. ತಹಶೀಲ್ದಾರರು ವರ್ಗವಾಗಿ ಹೊಸಬರು ಬಂದರೆ ನಮ್ಮ ಅರ್ಜಿಯ ಕಥೆ ಮೊದಲಿಂದ ಹೇಳಬೇಕಲ್ಲ, ಹಾಗೆ. ಎಕ್ಸ್‌ಇನ್‌ಪುಟ್‌ನಿಂದ ಹೇಳಿದ್ದು ಆ ಸಾಧನಕ್ಕೆ ಬಾಯಿಮಾತಿನಲ್ಲಿ ಹೇಳಿದ್ದು, ಸಾಧನ ಹೋದರೆ ಮಾತೂ ಹೋಯಿತು. ನೆನಪಿಟ್ಟು ಮತ್ತೆ ಹೇಳಲು ಒಬ್ಬ ಬೇಕು. ದೊಡ್ಡ ಡೆಸ್ಕ್‌ಟಾಪುಗಳಲ್ಲಿ ಆ ಕೆಲಸಕ್ಕೆ ಹಿನ್ನೆಲೆಯಲ್ಲಿ ಒಂದು ಪ್ರೋಗ್ರಾಂ ಇರುತ್ತದೆ. ಮೆಮೊರಿ ಉಳಿಸುವ ಆಸೆಯಲ್ಲಿ ನಾನು ಅವನಿಗೇ ಕೆಲಸ ಕೊಟ್ಟಿರಲಿಲ್ಲ.

ಇಷ್ಟು ತಿಳಿದ ಮೇಲೂ ಒಂದು ರಾತ್ರಿ ದಂಡ ಮಾಡಿದೆ. ಸಾಧನ ಬಂದಾಗ ಮೊದಲು ತಿಳಿಯುವುದು ಯುಡೆವ್ ಅನ್ನುವ ಹಿನ್ನೆಲೆಯ ಪ್ರೋಗ್ರಾಂಗೆ, ಹಾಗಾದರೆ ಯುಡೆವ್ ನಿಯಮ ಬರೆದು ಅದರಿಂದಲೇ ಸ್ಕ್ರಿಪ್ಟು ಓಡಿಸೋಣ ಅಂತ ಬುದ್ಧಿವಂತಿಕೆ. ನಿಯಮ ಓಡಿತು, ಕೆಲಸ ಆಗಲಿಲ್ಲ. ಅದು ಓಡುವುದು ರೂಟ್, ಅಂದರೆ ಯಜಮಾನ ಖಾತೆಯ ಹೆಸರಿನಲ್ಲಿ, ನನ್ನ ಪರದೆ ಯಾವುದು ಅನ್ನುವುದೇ ಅದಕ್ಕೆ ಗೊತ್ತಿಲ್ಲ. ಡಿಸ್‌ಪ್ಲೇ (ಯಾವ ಪರದೆ), ಎಕ್ಸ್‌ಅಥಾರಿಟಿ (ಅದನ್ನು ಮುಟ್ಟಲು ಅಪ್ಪಣೆ) ಎರಡನ್ನೂ ಹೇಳಿಕೊಟ್ಟೆ. ಆಗಲೂ ಅಂಥ ಮೌಸೇ ಇಲ್ಲ ಅಂದಿತು. ಎಕ್ಸ್‌ಗೆ ಸುದ್ದಿ ಮುಟ್ಟಲು ಹೊತ್ತು ಬೇಕೇನೋ ಅಂತ ಸ್ಕ್ರಿಪ್ಟಿನ ಮೊದಲಲ್ಲಿ ಎರಡು ಸೆಕೆಂಡು ಕಾಯಿಸಿದೆ. ಐದು ಮಾಡಿದೆ. ಊಹೂಂ. ಗುಟ್ಟು ಏನೆಂದರೆ, ನಿಯಮದಲ್ಲಿ ಓಡುವ ಪ್ರೋಗ್ರಾಂ ಮುಗಿಯುವ ತನಕ ಯುಡೆವ್ ಆ ಸುದ್ದಿಯನ್ನು ಉಳಿದವರಿಗೆ ದಾಟಿಸುವುದೇ ಇಲ್ಲ. ನಾನು ಎಕ್ಸ್‌ಗಾಗಿ ಕಾಯುತ್ತಿದ್ದೆ, ಎಕ್ಸ್ ನನಗಾಗಿ ಕಾಯುತ್ತಿತ್ತು. ಮದುವೆಮನೆಯಲ್ಲಿ ಪಂಕ್ತಿಗೆ ಕೂರಲು ಬೀಗರಿಬ್ಬರೂ "ನೀವು ಮೊದಲು, ನೀವು ಮೊದಲು" ಅಂದ ಹಾಗೆ.

ಕೊನೆಗೆ ಹಿಡಿದದ್ದು ಎಕ್ಸ್ ಸರ್ವರಿನದೇ ದಾರಿ, ಮೊದಲೇ ಹಿಡಿಯಬೇಕಾಗಿದ್ದು. ಇಟಿಸಿ ಒಳಗಿನ ಎಕ್ಸ್11 ಫೋಲ್ಡರಿನಲ್ಲಿ 'ಎಕ್ಸ್‌ಆರ್ಗ್ ಡಾಟ್ ಕಾನ್ಫ್ ಡಾಟ್ ಡಿ' ಅನ್ನುವ ಫೋಲ್ಡರು ಇರಬೇಕು. ನನ್ನ ಡೆಬಿಯನ್ನಿನಲ್ಲಿ ಇರಲಿಲ್ಲ, ಮಾಡಿಕೊಂಡೆ. ಅದರೊಳಗೆ '50-ಮೌಸ್ ಡಾಟ್ ಕಾನ್ಫ್' ಅಂತ ಒಂದು ಕಡತ. ಅದರಲ್ಲಿ ಬರೆದದ್ದು ಇಷ್ಟು (ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಹಾಕಿದ್ದೇನೆ, ಕಡತದಲ್ಲಿ ಇಂಗ್ಲಿಷ್ ಅಕ್ಷರವೇ ಬೇಕು):

ಸೆಕ್ಷನ್ "ಇನ್‌ಪುಟ್‌ಕ್ಲಾಸ್"
ಐಡೆಂಟಿಫೈಯರ್ "ಎಡಗೈ"
ಮ್ಯಾಚ್‌ಇಸ್‌ಪಾಯಿಂಟರ್ "ಆನ್"
ಆಪ್ಶನ್ "ಲೆಫ್ಟ್‌ಹ್ಯಾಂಡೆಡ್" "ಆನ್"
ಆಪ್ಶನ್ "ಆಕ್ಸೆಲ್‌ಸ್ಪೀಡ್" "-0.4"
ಎಂಡ್‌ಸೆಕ್ಷನ್

'ಮ್ಯಾಚ್‌ಇಸ್‌ಪಾಯಿಂಟರ್' ಥರದ್ದೆಲ್ಲ ಒಂದೇ ಪದ, ನಡುವೆ ಜಾಗ ಬಿಡಬಾರದು. ಇನ್ನು, ಕಡತದ ಹೆಸರು 'ಡಾಟ್ ಕಾನ್ಫ್' ಅಂತಲೇ ಮುಗಿಯಬೇಕು. ಮೊದಲ ಸಲ ಬರಿಯ '50-ಮೌಸ್' ಅಂತ ಉಳಿಸಿ, ಏನೂ ಆಗಲಿಲ್ಲವಲ್ಲ ಅಂತ ತಲೆ ಕೆರೆದುಕೊಂಡೆ. ಬಾಲ ಇಲ್ಲದ ಕಡತವನ್ನು ಅದು ಓದುವುದೇ ಇಲ್ಲ, ಓದಲಿಲ್ಲ ಅಂತ ಹೇಳುವುದೂ ಇಲ್ಲ. ಸರ್ವರು ಈ ಕಡತಗಳನ್ನು ಓದುವುದು ಏಳುವಾಗ ಮಾತ್ರ, ಹಾಗಾಗಿ ಒಮ್ಮೆ ಲಾಗೌಟ್ ಆಗಬೇಕು. ಅಲ್ಲಿಂದ ಮುಂದೆ ಯಾವಾಗ ಮೌಸ್ ಚುಚ್ಚಿದರೂ ಈ ನಿಯಮ ಅದಕ್ಕೆ ಹತ್ತುತ್ತದೆ. ಹತ್ತಿತೋ ಇಲ್ಲವೋ ನೋಡಲು ಎಕ್ಸ್‌ಆರ್ಗ್ ಲಾಗಿನಲ್ಲಿ 'ಅಪ್ಲೈಯಿಂಗ್ ಇನ್‌ಪುಟ್‌ಕ್ಲಾಸ್' ಅಂತ ಹುಡುಕಿ. ನನ್ನ ಲಾಗಿನಲ್ಲಿ ಆ ಸಾಲಿನ ತುದಿಗೆ ಎಡಗೈ ಅಂತ ಕಂಡಾಗ ಅಂಗಡಿಯಲ್ಲಿ ಒಬ್ಬನೇ ನಕ್ಕೆ.

ನಗು ಸಂಜೆ ತನಕ ಉಳಿಯಲಿಲ್ಲ. ಥಿಂಕ್‌ಪ್ಯಾಡಿನ ಕೀಬೋರ್ಡಿನ ನಡುವೆ ಒಂದು ಕೆಂಪು ಗುಂಡಿ ಇರುತ್ತದಲ್ಲ, ಬೆರಳಿನಲ್ಲಿ ಒತ್ತಿ ಬಾಣ ಸರಿಸುವುದು, ಅದೂ ಪಾಯಿಂಟರೇ. ಅದರ ಗುಂಡಿಗಳೂ ತಿರುಗಿಬಿದ್ದವು. ಅವನ್ನು ನಾನು ಹೆಬ್ಬೆರಳಿನಲ್ಲಿ ಒತ್ತುವುದು, ಅಲ್ಲಿ ಅದಲುಬದಲು ಬೇಕಿಲ್ಲ. 'ಮ್ಯಾಚ್‌ಪ್ರಾಡಕ್ಟ್' ಅನ್ನುವ ಇನ್ನೊಂದು ಸಾಲು ಸೇರಿಸಿ ಮೌಸಿನ ಹೆಸರಿನ ಒಂದು ತುಣುಕು ಕೊಟ್ಟೆ. ಪೂರ್ತಿ ಹೆಸರು ಬೇಕಾಗಿಲ್ಲ, ಹೆಸರಿನೊಳಗೆ ಆ ತುಣುಕು ಇದ್ದರೆ ಸಾಕು.

ಎಲ್ಲರಿಗೂ ಇದೇ ಮದ್ದು ಅಂತ ನಾನು ಹೇಳುವುದಿಲ್ಲ. ಎಕ್ಸ್‌ಎಫ್‌ಸಿಇ ಅನ್ನುವ ಡೆಸ್ಕ್‌ಟಾಪು ಇಟ್ಟುಕೊಂಡ ಗೆಳೆಯನಿಗೆ ಈ ಕಡತ ಕೊಟ್ಟೆ, ಅವನಲ್ಲಿ ನಡೆಯಲಿಲ್ಲ. ಅಲ್ಲಿ ನೆನಪಿಡುವವನು ಇದ್ದಾನೆ. ಸಾಧನ ಬಂದ ಕೂಡಲೇ ಆ ಪ್ರೋಗ್ರಾಂ ತನ್ನ ಪಟ್ಟಿಯಲ್ಲಿರುವುದನ್ನು ಮೇಲಿಂದ ಹೇರುತ್ತದೆ. ಅಲ್ಲಿ ಸೆಟ್ಟಿಂಗ್ಸ್ ಕಿಟಕಿಯಲ್ಲೇ ಹೇಳಬೇಕು. ಅವನ ನಿಜವಾದ ತೊಂದರೆ ಬೇರೆ: ಅವನ ಮೌಸ್ ಡಾಂಗಲ್‌ನಲ್ಲಿ ಒಂದು ಹೆಸರು, ಬ್ಲೂಟೂತಿನಲ್ಲಿ ಇನ್ನೊಂದು ಹೆಸರು ಹೇಳುತ್ತಿತ್ತು. ಪಟ್ಟಿ ಇರುವುದು ಹೆಸರಿನ ಪ್ರಕಾರ, ಅವನು ತುಂಬಿದ್ದು ಒಂದನ್ನೇ. ಇನ್ನು ಎಕ್ಸ್ ಬದಲಿಗೆ ಬಂದ ವೇಲ್ಯಾಂಡ್ ಮೇಲಿನ ಗ್ನೋಮ್ ಆದರೆ ಎಕ್ಸ್‌ಇನ್‌ಪುಟ್‌ನ ಹತ್ತಿರವೂ ಹೋಗಬೇಡಿ. ಅಲ್ಲಿ ಗ್ನೋಮ್ ಹೇಳಿದ್ದೇ ನಡೆಯುವುದು, ಅದರ ಸೆಟ್ಟಿಂಗ್‌ಗಳು ಮನೆ ಫೋಲ್ಡರಿನ ಡಿಕಾನ್ಫ್ ಕಡತದಲ್ಲಿರುತ್ತವೆ. ಅಕ್ಕನ ಮಗನ ಗ್ನೋಮ್‌ನಲ್ಲಿ ಪ್ರತಿ ಲಾಗಿನ್ನಿಗೂ ಎಲ್ಲ ಅಳಿಸಿಹೋಗುತ್ತಿತ್ತು. ನೋಡಿದರೆ ಆ ಕಡತದ ಒಡೆಯ ರೂಟ್. ಯಾವಾಗಲೋ ಸೆಟ್ಟಿಂಗ್ಸನ್ನು ರೂಟ್ ಅಧಿಕಾರ ಕೊಡುವ ಸುಡೋ ಹಾಕಿ ತೆರೆದಿದ್ದನಂತೆ. ಒಡೆತನ ಅವನ ಹೆಸರಿಗೆ ಮಾಡಿಕೊಟ್ಟೆ, ಮುಗಿಯಿತು.

ನನ್ನದು ಅಷ್ಟಕ್ಕೆ ಮುಗಿಯಲಿಲ್ಲ. ಹಬ್ಬಿನ ಅಡಾಪ್ಟರನ್ನು ಕೈಯಿಂದಲೇ ಕಿತ್ತು, ಹಾಕಿ, ಕಿತ್ತು, ಹಾಕಿ ಪರೀಕ್ಷೆ ಮಾಡಿದೆ. ಗುಂಡಿಗಳು ಎಡಗೈಯನ್ನು ಮರೆಯಲಿಲ್ಲ. ವೇಗ ಮಾತ್ರ ಆಗಲೂ ಬದಲಾಗುತ್ತಿತ್ತು. ಎಕ್ಸ್‌ಇನ್‌ಪುಟ್ ಕೇಳಿದರೆ ಮೈನಸ್ 0.4 ಅಂತ ಸರಿಯಾಗೇ ಹೇಳುತ್ತದೆ, ಕೈಗೆ ಸುಳ್ಳು ಅನಿಸುತ್ತದೆ. ಒಂದು ಗಂಟೆ ಆ ಕಡತದ ಚುಕ್ಕಿ ಕೊಂಬು ತಿದ್ದಿದ್ದೇ ಬಂತು. ಆಮೇಲೆ ಮೌಸಿನ ಚಕ್ರದ ಹಿಂದಿನ ಪುಟ್ಟ ಗುಂಡಿ ಕಣ್ಣಿಗೆ ಬಿತ್ತು. ಡಿಪಿಐ ಗುಂಡಿ, ಮೌಸಿನೊಳಗಿನ ವೇಗದ ಮೆಟ್ಟಿಲು ಬದಲಿಸುವುದು. ಹೊಸ ಮೌಸ್ ತಂದ ದಿನ ಆಟಕ್ಕೆಂದು ಒತ್ತಿ ನನಗೆ ಹಿತವಾದ ಮೆಟ್ಟಿಲಿಗೆ ತಂದಿದ್ದೆ, ಮೈನಸ್ 0.4 ಅನ್ನುವುದೂ ಆ ಮೆಟ್ಟಿಲಿನ ಲೆಕ್ಕವೇ. ಈ ಅಗ್ಗದ ಮೌಸು ಆ ಮೆಟ್ಟಿಲನ್ನು ಎಲ್ಲೂ ಬರೆದಿಡುವುದಿಲ್ಲ. ಕರೆಂಟು ತಪ್ಪಿದರೆ ಕಾರ್ಖಾನೆಯಲ್ಲಿ ಕೊಟ್ಟ ಮೆಟ್ಟಿಲಿಗೇ ಹೋಗಿ ನಿಲ್ಲುತ್ತದೆ. ಲಿನಕ್ಸಿಗೆ ಇದರ ಗಂಧಗಾಳಿಯೂ ಇಲ್ಲ.

ಹಾಗಾಗಿ ಲೆಕ್ಕ ತಿರುಗಿಸಿದೆ. ಮೌಸ್ ಕಿತ್ತು ಚುಚ್ಚಿ, ಅದು ತಾನಾಗಿ ಏಳುವ ಮೆಟ್ಟಿಲಿನಲ್ಲೇ ಬಿಟ್ಟು, ಆ ವೇಗಕ್ಕೆ ನನ್ನ ಕೈ ಒಗ್ಗುವ ತನಕ ಆಕ್ಸೆಲ್‌ಸ್ಪೀಡ್ ಇಳಿಸುತ್ತ ಹೋದೆ. ಮೈನಸ್ 0.65ಕ್ಕೆ ನಿಂತಿತು. ಕಡತದಲ್ಲಿ ಅದನ್ನೇ ಬರೆದೆ, ಮತ್ತು ಡಿಪಿಐ ಗುಂಡಿ ಅಪ್ಪಿತಪ್ಪಿಯೂ ಬೆರಳಿಗೆ ಸಿಗದಂತೆ ಅದರ ಮೇಲೆ ವೈರಿಂಗ್‌ನವರ ಕಪ್ಪು ಟೇಪಿನ ಒಂದು ತುಂಡು ಅಂಟಿಸಿದೆ.