ಹಳೆಯ ಎಸ್‌ಯುವಿಯ ಒಳಗೆ ನೀರು ಬರುವ ದಾರಿ ಹುಡುಕಿದ್ದು: ನನ್ನ ಅನುಭವ

ಬೇಸಿಗೆಯಲ್ಲಿ ಕೊಂಡ ಹಳೆಯ ವಾಹನದ ನಿಜವಾದ ಪರೀಕ್ಷೆ ತೀರ್ಥಹಳ್ಳಿ ಸೀಮೆಯಲ್ಲಿ ನಡೆಯುವುದು ಮೃಗಶಿರಾ ಮಳೆ ಹಿಡಿದ ಮೇಲೆ. ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ತಂದ ಏಳು ಸೀಟಿನ ಡೀಸೆಲ್ ಎಸ್‌ಯುವಿಯ ಎಂಜಿನ್, ಗೇರ್, ಸಸ್ಪೆನ್ಷನ್ ಎಲ್ಲವನ್ನೂ ಪರಿಚಯದ ಮೆಕ್ಯಾನಿಕ್‌ಗೆ ತೋರಿಸಿಯೇ ಕೊಂಡಿದ್ದೆ. ಆದರೆ ಆರಿದ್ರಾ ಮಳೆ ಶುರುವಾಗುವ ಹೊತ್ತಿಗೆ ಬೆಳಗ್ಗೆ ಬಾಗಿಲು ತೆಗೆದರೆ ಮುಗ್ಗಲು ವಾಸನೆ ಬರತೊಡಗಿತು, ಎಲ್ಲ ಗಾಜುಗಳ ಒಳಮೈಗೆ ಆವಿ ಕಟ್ಟುತ್ತಿತ್ತು. ಎಡಗಡೆಯ ಮುಂದಿನ ಸೀಟಿನ ಎದುರು ರಬ್ಬರ್ ಮ್ಯಾಟ್ ಎತ್ತಿ ಒತ್ತಿದರೆ ಕಾರ್ಪೆಟ್ಟಿನಿಂದ ನೀರು ಜಿನುಗುತ್ತಿತ್ತು. ಬಲಗಡೆಯ ಹಿಂದಿನ ಸೀಟಿನ ಕಾಲ ಬಳಿಯೂ ಒದ್ದೆಯಾಗಿತ್ತು, ಡಿಕ್ಕಿಯಲ್ಲಿ ಜಾಕ್ ಇಡುವ ಗುಂಡಿಯಲ್ಲಂತೂ ನೀರು ನಿಂತೇ ಇತ್ತು.

ಮೊದಲು ತಲೆಗೆ ಬಂದದ್ದು ಸೋರಿಕೆಯಲ್ಲ, ಇದು ನೆರೆಯಲ್ಲಿ ಮುಳುಗಿದ ವಾಹನವಿರಬಹುದೇ ಎಂಬ ಶಂಕೆ. 2015ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಆಸುಪಾಸಿನಲ್ಲಿ ಕಾರುಗಳು ನೀರಿನಲ್ಲಿ ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ಅಂಥ ಗಾಡಿಯಾಗಿದ್ದರೆ ಸೋರಿಕೆ ಹುಡುಕುವ ಶ್ರಮಕ್ಕೆ ಅರ್ಥವಿಲ್ಲ. ಆದ್ದರಿಂದ ಸೀಟ್ ಬೆಲ್ಟುಗಳನ್ನು ತುದಿಯವರೆಗೆ ಎಳೆದು ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಇದೆಯೇ ಎಂದು ನೋಡಿದೆ. ಸೀಟಿನ ಹಳಿಗಳ ಸಂದು, ಡ್ಯಾಶ್‌ಬೋರ್ಡಿನ ಅಡಿಯ ವೈರುಗಳ ಕಟ್ಟು, ಹೆಡ್‌ಲ್ಯಾಂಪಿನ ಒಳಭಾಗ ಇಷ್ಟನ್ನೂ ಟಾರ್ಚ್ ಹಿಡಿದು ಪರಿಶೀಲಿಸಿದೆ. ಎಲ್ಲಿಯೂ ಹೂಳಿನ ಗುರುತಿರಲಿಲ್ಲ. ಬಂದಿರುವುದು ನೆರೆಯ ನೀರಲ್ಲ ಎಂದು ಖಚಿತವಾದ ಮೇಲೆಯೇ ಸ್ಪ್ಯಾನರ್ ಕೈಗೆತ್ತಿಕೊಂಡೆ.

ಒದ್ದೆ ಗಾಡಿಯಲ್ಲಿ ಸೋರಿಕೆ ಹುಡುಕಲಾಗದು. ಕಾರ್ಪೆಟ್ಟಿನ ಕೆಳಗೆ ದಪ್ಪನೆಯ ಫೆಲ್ಟ್ ಅಥವಾ ಫೋಮಿನ ಹಾಸು ಇರುತ್ತದೆ. ಮೇಲ್ಮೈ ಒಣಗಿದಂತೆ ಕಂಡರೂ ಈ ಹಾಸು ವಾರಗಟ್ಟಲೆ ನೀರನ್ನು ಹಿಡಿದಿಟ್ಟುಕೊಂಡು ಒಂದು ಮೂಲೆಯ ತೇವವನ್ನು ಇನ್ನೊಂದು ಮೂಲೆಗೆ ಒಯ್ಯುತ್ತದೆ. ಹೀಗಾಗಿ ಸೀಟುಗಳನ್ನು ಬಿಚ್ಚುವುದು ಅನಿವಾರ್ಯವಾಯಿತು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು: ಸೀಟಿನ ಅಡಿಯಲ್ಲಿರುವ ಹಳದಿ ಬಣ್ಣದ ಕನೆಕ್ಟರುಗಳು ಏರ್‌ಬ್ಯಾಗ್ ವ್ಯವಸ್ಥೆಗೆ ಸೇರಿದವು, ಆದ್ದರಿಂದ ಬ್ಯಾಟರಿಯ ನೆಗೆಟಿವ್ ತಂತಿಯನ್ನು ತೆಗೆದು, ವಾಹನದ ಕೈಪಿಡಿ ಹೇಳುವಷ್ಟು ಹೊತ್ತು ಕಾದ ಮೇಲೆಯೇ ಅವುಗಳನ್ನು ಮುಟ್ಟಬೇಕು, ಮತ್ತು ಅವು ಬಿಚ್ಚಿಕೊಂಡಿರುವಾಗ ಕೀಲಿ ತಿರುಗಿಸಬಾರದು. ಮಳೆಗಾಲದ ಮಲೆನಾಡಿನಲ್ಲಿ ಹೊರಗೆ ಏನೂ ಒಣಗುವುದಿಲ್ಲವಾದ್ದರಿಂದ ಆ ಹಾಸನ್ನು ಬಚ್ಚಲುಮನೆಯ ಒಲೆಯಿಂದ ತಕ್ಕಷ್ಟು ದೂರದಲ್ಲಿ ತೂಗುಹಾಕಿದೆವು. ಅಷ್ಟು ದಿನ ಮನೆಯವರೆಲ್ಲ ಸ್ನಾನಕ್ಕೆ ಹೋದಾಗ ಕಾರಿನ ವಾಸನೆಯನ್ನು ಸಹಿಸಿಕೊಂಡದ್ದು ಬೇರೆ ಮಾತು.

ಬರಿಯ ತಗಡಿನ ನೆಲ ಕಂಡ ಮೇಲೆ ಮುಂದಿನ ಪ್ರಶ್ನೆ, ಇದು ಯಾವ ನೀರು ಎಂಬುದು. ಎಂಜಿನ್ನನ್ನು ತಣಿಸುವ ದ್ರವ, ಅಂದರೆ ಕೂಲೆಂಟ್ ಆಗಿದ್ದರೆ ಬೆರಳಿಗೆ ಜಿಡ್ಡು ಹತ್ತುತ್ತದೆ, ಬಣ್ಣವಿರುತ್ತದೆ, ಸಿಹಿಯಾದ ವಾಸನೆ ಬರುತ್ತದೆ, ಬಾನೆಟ್ಟಿನೊಳಗಿನ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಆಗ ದೋಷವಿರುವುದು ಡ್ಯಾಶ್‌ಬೋರ್ಡಿನೊಳಗಿನ ಹೀಟರಿನಲ್ಲಿ. ಎ.ಸಿ.ಯ ನೀರಾಗಿದ್ದರೆ ತಿಳಿಯಾಗಿರುತ್ತದೆ, ಮಳೆಯಿಲ್ಲದ ದಿನವೂ ಎ.ಸಿ. ಹಾಕಿ ಓಡಿಸಿದಾಗ ಬರುತ್ತದೆ. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ಬಹಳಷ್ಟು ವಾಹನಗಳ ಎ.ಸಿ. ಬ್ಲೋವರ್ ಎಡಗಡೆ ಗ್ಲೋವ್‌ಬಾಕ್ಸಿನ ಹಿಂದಿರುತ್ತದೆ, ಅದರ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೆ ಒದ್ದೆಯಾಗುವುದು ಎಡಗಡೆಯ ಕಾಲ ಜಾಗವೇ. ನನ್ನ ಗಾಡಿಯಲ್ಲಿ ಎ.ಸಿ. ಹಾಕಿ ನಿಲ್ಲಿಸಿದಾಗ ಎಂಜಿನ್ನಿನ ಅಡಿಯಿಂದ ನೀರು ಸರಾಗವಾಗಿ ತೊಟ್ಟಿಕ್ಕುತ್ತಿತ್ತು, ಒಳಗಿನ ನೆಲ ಒಣಗಿಯೇ ಇತ್ತು. ಆ ಎರಡೂ ಸಾಧ್ಯತೆಗಳು ಅಲ್ಲಿಗೆ ಮುಗಿದವು.

ಇಷ್ಟು ಹೊತ್ತಿಗೆ ಪೇಟೆಯ ಟಿಂಕರಿಂಗ್ ಅಂಗಡಿಯವರೊಬ್ಬರು, "ಸಾರ್, ಸುಮ್ನೆ ಯಾಕೆ ಒದ್ದಾಡ್ತೀರಿ, ಎಲ್ಲಾ ಕಡೆ ಸಿಲಿಕೋನ್ ಹೊಡೆದುಬಿಡೋಣ" ಎಂದರು. ಸಂದಿಗಳನ್ನೆಲ್ಲ ಅಂಟಿನಿಂದ ಮುಚ್ಚುವ ಈ ಸಲಹೆಯನ್ನು ನಾನು ಒಪ್ಪದಿರಲು ಕಾರಣವಿದೆ. ಕಾರಿನ ಮೈ ನೀರನ್ನು ಪೂರ್ತಿ ಹೊರಗಿಡುವಂತೆ ರಚಿತವಾಗಿಲ್ಲ. ಬಾಗಿಲಿನ ಗಾಜಿನ ಸಂದಿಯಿಂದ, ಸನ್‌ರೂಫಿನ ಅಂಚಿನಿಂದ, ವೈಪರಿನ ಕೆಳಗಿನ ಜಾಲರಿಯಿಂದ ನೀರು ಒಳಗೆ ಇಳಿಯುತ್ತದೆಂದು ಒಪ್ಪಿಕೊಂಡೇ ಅದಕ್ಕೊಂದು ಹೊರದಾರಿಯನ್ನು ಮಾಡಿರುತ್ತಾರೆ. ಅಡಿಕೆ ತೋಟಕ್ಕೆ ಬಸಿಗಾಲುವೆ ತೆಗೆದಂತೆಯೇ. ಬಸಿಗಾಲುವೆ ಮುಚ್ಚಿಕೊಂಡ ತೋಟದಲ್ಲಿ ಮಳೆಯನ್ನು ತಡೆಯಲು ಯಾರೂ ಹೊರಡುವುದಿಲ್ಲ. ಆದ್ದರಿಂದ ನಾನು ಹುಡುಕಲು ಹೊರಟದ್ದು ತೂತುಗಳನ್ನಲ್ಲ, ಮುಚ್ಚಿಹೋದ ಹೊರದಾರಿಗಳನ್ನು.

ಪರೀಕ್ಷೆಯ ಕ್ರಮ ಹೀಗಿತ್ತು. ತಗಡಿನ ನೆಲದ ಮೇಲೆ ಹಳೆಯ ಪತ್ರಿಕೆಗಳನ್ನು ಹಾಸಿ, ಛಾವಣಿಯನ್ನು ಹೊತ್ತ ಕಂಬಗಳಾದ ಪಿಲ್ಲರುಗಳ ಬುಡಕ್ಕೂ ಬಾಗಿಲಿನ ಹೊಸ್ತಿಲಿಗೂ ಟಾಲ್ಕಂ ಪೌಡರ್ ಉದುರಿಸಿದೆ; ಒಂದೇ ಹನಿ ಹರಿದರೂ ಪುಡಿಯ ಮೇಲೆ ಅದರ ಜಾಡು ಉಳಿಯುತ್ತದೆ. ನನ್ನ ತಮ್ಮನ ಮಗ ಟಾರ್ಚ್ ಹಿಡಿದು ಒಳಗೆ ಕುಳಿತ. ನಾನು ತೋಟದ ಪೈಪಿನಿಂದ ಸಣ್ಣಗೆ ನೀರು ಬಿಡುತ್ತ, ಕೆಳಗಿನಿಂದ ಮೇಲಕ್ಕೆ, ಒಂದು ಸಲಕ್ಕೆ ಒಂದೇ ಜಾಗವನ್ನು ಸಾಕಷ್ಟು ಹೊತ್ತು ನೆನೆಸಿದೆ. ಮೇಲಿನಿಂದ ಶುರುಮಾಡಿದರೆ ಇಳಿದು ಬರುವ ನೀರು ಎಲ್ಲ ಸಂದಿಗಳನ್ನೂ ಒಟ್ಟಿಗೆ ತೋಯಿಸಿ ಗೊಂದಲ ಮಾಡುತ್ತದೆ. ಸರ್ವೀಸ್ ಸ್ಟೇಷನ್ನಿನ ಜೋರು ನೀರಂತೂ ಒಳ್ಳೆಯ ಬೀಡಿಂಗಿನ ಸಂದಿಯಲ್ಲಿಯೂ ನುಗ್ಗಬಲ್ಲದು, ಅದರಿಂದ ಏನೂ ಸಾಬೀತಾಗುವುದಿಲ್ಲ. ಬಾಗಿಲುಗಳ ರಬ್ಬರ್ ಬೀಡಿಂಗನ್ನು ಮಾತ್ರ ನೀರಿಲ್ಲದೆ ಪರೀಕ್ಷಿಸಿದೆ: ಹತ್ತು ರೂಪಾಯಿಯ ನೋಟನ್ನು ಸಂದಿಯಲ್ಲಿಟ್ಟು ಬಾಗಿಲು ಹಾಕಿ ಎಳೆದಾಗ ಸುತ್ತಲೂ ಒಂದೇ ಬಿಗಿ ಇದ್ದರೆ ಬೀಡಿಂಗ್ ಸರಿಯಿದೆ ಎಂದು ತಿಳಿಯಬಹುದು. ಸರಿಯಿತ್ತು.

ಮುಂದಿನ ಗಾಜಿನ ಅಂಚಿಗೆ ನೀರು ಬಿಟ್ಟಾಗ ಒಳಗೇನೂ ಕಾಣಲಿಲ್ಲ. ವೈಪರಿನ ಕೆಳಗಿನ ಪ್ಲಾಸ್ಟಿಕ್ ಜಾಲರಿಯನ್ನು ತೆಗೆದರೆ ಹಿಡಿ ತುಂಬ ಕೊಳೆತ ಎಲೆ ಸಿಕ್ಕಿತು; ಅದನ್ನು ತೆಗೆದದ್ದು ಒಳ್ಳೆಯದೇ ಆಯಿತು, ಏಕೆಂದರೆ ಅಲ್ಲಿ ನೀರು ನಿಂತರೆ ಹೊರಗಾಳಿ ಎಳೆಯುವ ಬಾಯಿಯ ಮೂಲಕ ಬ್ಲೋವರಿಗೇ ಇಳಿಯುತ್ತದೆ. ಆದರೆ ನನ್ನ ಗಾಡಿಯಲ್ಲಿ ಆ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಒಣಗಿಯೇ ಇತ್ತು, ಹಾಗಾಗಿ ಎಡಗಡೆಯ ನೀರಿಗೆ ಅದು ಕಾರಣವಲ್ಲ.

ಕಾರಣ ಸಿಕ್ಕಿದ್ದು ಸನ್‌ರೂಫಿನಲ್ಲಿ. ಸನ್‌ರೂಫಿನ ಗಾಜಿನ ಸುತ್ತಲಿನ ರಬ್ಬರ್ ನೀರನ್ನು ಬಹುಮಟ್ಟಿಗೆ ತಡೆಯುತ್ತದೆಯೇ ಹೊರತು ಪೂರ್ತಿಯಾಗಿ ಅಲ್ಲ. ಅದನ್ನು ದಾಟಿದ ನೀರು ಸುತ್ತಲಿನ ತಟ್ಟೆಯಂಥ ಚೌಕಟ್ಟಿನಲ್ಲಿ ಸೇರಿ, ನಾಲ್ಕು ಮೂಲೆಗಳ ಸಣ್ಣ ರಂಧ್ರಗಳಿಂದ ಕೊಳವೆಗಳಿಗೆ ಇಳಿಯುತ್ತದೆ. ಮುಂದಿನ ಎರಡು ಕೊಳವೆಗಳು ಮುಂದಿನ ಗಾಜಿನ ಪಕ್ಕದ ಪಿಲ್ಲರುಗಳೊಳಗೆ ಇಳಿದು ಮಡ್‌ಗಾರ್ಡಿನ ಹಿಂದೆ ಹೊರಬರುತ್ತವೆ, ಹಿಂದಿನವು ಹಿಂದಿನ ಪಿಲ್ಲರುಗಳ ಮೂಲಕ ಬಂಪರಿನ ಬಳಿ ಇಳಿಯುತ್ತವೆ. ಸನ್‌ರೂಫ್ ತೆರೆದು ಒಂದೊಂದು ಮೂಲೆಗೂ ಲೋಟದಿಂದ ನಿಧಾನವಾಗಿ ನೀರು ಸುರಿದೆ. ಮೂರು ಮೂಲೆಗಳ ನೀರು ಕೂಡಲೇ ನೆಲಕ್ಕೆ ಬಿತ್ತು. ಎಡಗಡೆಯ ಮುಂದಿನ ಮೂಲೆಯ ನೀರು ಮಾತ್ರ ಅಲ್ಲಿಯೇ ನಿಂತಿತು, ಸ್ವಲ್ಪ ಹೊತ್ತಿನ ಬಳಿಕ ಒಳಗಿನಿಂದ "ದೊಡ್ಡಪ್ಪಾ, ಬಂತು, ಪಿಲ್ಲರಿನ ಬುಡದಲ್ಲಿ ಬಂತು" ಎಂಬ ಕೂಗು ಕೇಳಿಸಿತು. ತಟ್ಟೆ ತುಂಬಿ ಉಕ್ಕಿದ ನೀರು ಛಾವಣಿಯ ಬಟ್ಟೆಯನ್ನು ತೋಯಿಸದೆ ಪಿಲ್ಲರಿನ ಒಳಗಿನಿಂದಲೇ ಇಳಿದು ಕಾರ್ಪೆಟ್ಟಿನ ಕೆಳಗೆ ಸೇರುತ್ತಿತ್ತು. ಮೇಲೆ ಒಂದು ಕಲೆಯೂ ಇಲ್ಲದ್ದರಿಂದ ಬೆಂಗಳೂರಿನಲ್ಲಿ ಯಾರಿಗೂ ಸಂಶಯ ಬಂದಿರಲಿಕ್ಕಿಲ್ಲ.

ಕೊಳವೆಯನ್ನು ಬಿಡಿಸಲು ಕಂಪ್ರೆಸರಿನ ಗಾಳಿ ಹೊಡೆಯುವವರಿದ್ದಾರೆ. ಒತ್ತಡ ಹೆಚ್ಚಾದರೆ ಕೊಳವೆ ಮೇಲಿನ ಜೋಡಣೆಯಿಂದಲೇ ಕಳಚಿಕೊಳ್ಳುತ್ತದೆ, ಆಮೇಲೆ ಛಾವಣಿಯ ಬಟ್ಟೆಯನ್ನೇ ಇಳಿಸಬೇಕಾಗುತ್ತದೆ. ತಂತಿ ಹಾಕಿದರೆ ಕೊಳವೆ ತೂತಾಗುವ ಭಯ. ನಮ್ಮಲ್ಲಿ ತೋಟದ ಮನೆಗಳಲ್ಲಿ ಸಿಗುವ ವೀಡ್ ಕಟರಿನ ನೈಲಾನ್ ದಾರ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ, 2.4 ಮಿಲಿಮೀಟರ್ ದಪ್ಪದ ದಾರದ ತುದಿಯನ್ನು ಬೆಂಕಿಗೆ ಹಿಡಿದು ದುಂಡಗೆ ಮಾಡಿ, ತಿರುಗಿಸುತ್ತ ಮೆಲ್ಲನೆ ಇಳಿಸಿದರೆ ಬಾಗುಗಳಲ್ಲಿಯೂ ಸಾಗುತ್ತದೆ. ದಾರ ತುದಿಯ ಹತ್ತಿರ ಸಿಕ್ಕಿಕೊಂಡಿತು. ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರನ್ನು ಬಿಚ್ಚಿದಾಗ ಕೊಳವೆಯ ತುದಿಯ ರಬ್ಬರ್ ಮೂತಿ ಕಂಡಿತು. ಧೂಳು, ಹುಳುಹುಪ್ಪಟೆ ಒಳಸೇರದಿರಲೆಂದು ಅದರಲ್ಲಿ ಸಣ್ಣ ಸೀಳು ಮಾತ್ರ ಇರುತ್ತದೆ, ಆ ಸೀಳು ಮಣ್ಣಿನಿಂದ ಗಟ್ಟಿಯಾಗಿ ಮುಚ್ಚಿತ್ತು. ಹಿಂಡಿ ತೊಳೆದ ಕೂಡಲೇ ಕಪ್ಪು ರಾಡಿ ಸುರಿದು ಕೊಳವೆ ತೆರೆದುಕೊಂಡಿತು. ಪಿಲ್ಲರಿನ ಕವಚವನ್ನು ತೆಗೆದು ಕೊಳವೆ ಎಲ್ಲಿಯೂ ಒಡೆದಿಲ್ಲವೆಂದು ಖಚಿತಪಡಿಸಿಕೊಂಡೆ. ಪಿಲ್ಲರಿನಲ್ಲಿ ಕರ್ಟನ್ ಏರ್‌ಬ್ಯಾಗ್ ಹಾದುಹೋಗುವ ವಾಹನಗಳಲ್ಲಿ ಈ ಕೆಲಸಕ್ಕೂ ಬ್ಯಾಟರಿಯ ನಿಯಮವೇ ಅನ್ವಯಿಸುತ್ತದೆ.

ಬಲಗಡೆಯ ಹಿಂದಿನ ಬಾಗಿಲಿನ ಕಥೆ ಬೇರೆ. ಗಾಜಿನ ಮೇಲೆ ನೀರು ಬಿಟ್ಟರೆ ಹೊಸ್ತಿಲಿನ ಪುಡಿಯ ಮೇಲೆ ಜಾಡು ಮೂಡುತ್ತಿತ್ತು, ಬಾಗಿಲಿನ ಒಳಗವಚ ಮಾತ್ರ ಒಣಗಿರುತ್ತಿತ್ತು. ಕವಚ ಬಿಚ್ಚಿದಾಗ ವಿಷಯ ತಿಳಿಯಿತು: ಹಿಂದೆ ಯಾರೋ ದೊಡ್ಡ ಸ್ಪೀಕರ್ ಕೂರಿಸಲು ಒಳಗಿನ ಪ್ಲಾಸ್ಟಿಕ್ ಪರದೆಯನ್ನು ಕೊಯ್ದು, ಮತ್ತೆ ಸಾಧಾರಣ ಟೇಪಿನಿಂದ ಅಂಟಿಸಿದ್ದರು. ಗಾಜಿನ ಮೇಲಿಂದ ಇಳಿದ ನೀರು ಬಾಗಿಲಿನ ಒಳಗೇ ಬಿದ್ದು ತಳದ ರಂಧ್ರಗಳಿಂದ ಹೊರಹೋಗುವಂತೆ ಮಾಡುವುದೇ ಆ ಪರದೆಯ ಕೆಲಸ. ಅದು ಬಿಟ್ಟುಕೊಂಡರೆ ನೀರು ಕವಚದ ಹಿಂಬದಿಯಲ್ಲಿ ಜಾರಿ ಬೀಡಿಂಗಿನ ಒಳಮಗ್ಗುಲಿಗೆ ಬೀಳುತ್ತದೆ, ಬೀಡಿಂಗ್ ಎಷ್ಟೇ ಹೊಸದಾಗಿದ್ದರೂ ಪ್ರಯೋಜನವಿಲ್ಲ. ಹಳೆಯ ಅಂಟನ್ನು ಕೆರೆದು, ಸ್ಪಿರಿಟ್ಟಿನಿಂದ ಒರಸಿ, ದಪ್ಪ ಪಾಲಿಥಿನ್ ಹಾಳೆಯನ್ನು ಅಂಟು ರಬ್ಬರಿನ ಬ್ಯೂಟೈಲ್ ಟೇಪಿನಿಂದ ಸುತ್ತಲೂ ಒತ್ತಿ ಕೂರಿಸಿದೆ. ಹಾಳೆಯ ಕೆಳಅಂಚನ್ನು ಬಾಗಿಲಿನ ಟೊಳ್ಳಿನೊಳಕ್ಕೆ ಮಡಿಚಬೇಕೆಂಬುದನ್ನು ಮರೆಯಬಾರದು, ಹೊರಕ್ಕೆ ಬಿಟ್ಟರೆ ಅದೇ ಹಾಳೆ ನೀರನ್ನು ಸೀದಾ ಕಾರ್ಪೆಟ್ಟಿಗೆ ತಲುಪಿಸುತ್ತದೆ. ಬಾಗಿಲಿನ ತಳದ ಎರಡು ರಂಧ್ರಗಳು ತುಕ್ಕು ತಡೆಯಲೆಂದು ಹೊಡೆಸಿದ ಕೋಟಿಂಗಿನಿಂದ ಅರ್ಧ ಮುಚ್ಚಿದ್ದವು, ಅವುಗಳನ್ನೂ ಬಿಡಿಸಿದೆ.

ಡಿಕ್ಕಿಯ ನೀರು ಹೆಚ್ಚು ಸತಾಯಿಸಿತು. ಹೊರಗಿನಿಂದ ಎಷ್ಟು ನೀರು ಸುರಿದರೂ ಡಿಕ್ಕಿ ಒಣಗಿಯೇ ಇರುತ್ತಿತ್ತು, ಮಳೆಯಲ್ಲಿ ಒಂದು ಸುತ್ತು ಹೋಗಿ ಬಂದರೆ ಮಾತ್ರ ಗುಂಡಿಯಲ್ಲಿ ನೀರು. ಬ್ಲೋವರನ್ನು ಹೊರಗಾಳಿಯ ಸ್ಥಿತಿಯಲ್ಲಿ ಪೂರ್ತಿ ಜೋರಾಗಿ ಇಟ್ಟು, ಬಾಗಿಲು ಮುಚ್ಚಿ, ಹೊರಗಿನ ಸಂದಿಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಿದೆ. ಟೇಲ್‌ಲ್ಯಾಂಪಿನ ಗ್ಯಾಸ್ಕೆಟ್, ಛಾವಣಿಯ ರೇಲಿಂಗಿನ ಬೋಲ್ಟುಗಳು, ಆಂಟೆನಾದ ಬುಡ ಎಲ್ಲವೂ ನಿರ್ದೋಷಿಗಳು. ನಿಂತಾಗ ಬಾರದೆ ಓಡುವಾಗ ಮಾತ್ರ ಬರುವ ನೀರು ಮೇಲಿನಿಂದ ಬೀಳುವುದಲ್ಲ, ಚಕ್ರ ಎರಚುವುದು ಎಂದು ಹೊಳೆದ ಮೇಲೆ ಹಿಂದಿನ ಬಂಪರನ್ನು ಇಳಿಸಿದೆ. ಬಾಗಿಲು ಹಾಕಿದಾಗ ಒಳಗಿನ ಗಾಳಿ ಹೊರಹೋಗಲೆಂದು ಬಂಪರಿನ ಹಿಂದೆ ರಬ್ಬರ್ ರೆಕ್ಕೆಗಳಿರುವ ಪ್ಲಾಸ್ಟಿಕ್ ಕಿಂಡಿ ಇರುತ್ತದೆ. ಬಂಪರಿಗೆ ಹಿಂದೊಮ್ಮೆ ಬಣ್ಣ ಹೊಡೆಸಿದಾಗ ತೆಗೆದ ಆ ಕಿಂಡಿಯನ್ನು ಒಂದು ಬದಿಯ ಹಲ್ಲು ಕೂರದಂತೆಯೇ ತುರುಕಿದ್ದರು, ಸುತ್ತಲಿನ ಫೋಮ್ ಪಟ್ಟಿ ಹರಿದಿತ್ತು. ಹೊಸ ಪಟ್ಟಿ ಅಂಟಿಸಿ ಕಿಂಡಿಯನ್ನು ಸರಿಯಾಗಿ ಕೂರಿಸಿದ ಮೇಲೆ ಪುನರ್ವಸು ಮಳೆಯಲ್ಲಿ ಶಿವಮೊಗ್ಗಕ್ಕೆ ಹೋಗಿ ಬಂದರೂ ಗುಂಡಿಯಲ್ಲಿ ಹಾಸಿದ ಪತ್ರಿಕೆ ಗರಿಗರಿಯಾಗಿತ್ತು. ಸಿಲಿಕೋನ್ ಹೊಡೆದಿದ್ದರೆ ಈ ಮೂರರಲ್ಲಿ ಒಂದೂ ಸರಿಹೋಗುತ್ತಿರಲಿಲ್ಲ.

ಸೀಟುಗಳನ್ನು ಮರಳಿ ಕೂರಿಸುವ ಮುನ್ನ ನೆಲದ ಮೇಲೆ ಸಾಗುವ ವೈರುಗಳ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆ. ಎಡಗಡೆಯ ಒಂದರಲ್ಲಿ ಹಸಿರು ಕಿಲುಬು ಕಾಣಿಸಿಕೊಂಡಿತ್ತು, ಅದನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದೆ. ಬಿಟ್ಟಿದ್ದರೆ ಅದು ಮುಂದೆಂದೋ ಡ್ಯಾಶ್‌ಬೋರ್ಡಿನಲ್ಲಿ ತಲೆಬುಡವಿಲ್ಲದ ಎಚ್ಚರಿಕೆ ದೀಪವಾಗಿ ಉರಿಯುತ್ತಿತ್ತು. ಈಗ ಮೇ ಕೊನೆಯಲ್ಲಿ ಸನ್‌ರೂಫಿನ ನಾಲ್ಕು ಮೂಲೆಗಳಿಗೆ ಲೋಟದ ನೀರು ಸುರಿದು ನೋಡುವುದು, ಜಾಲರಿಯ ಕೆಳಗಿನ ಎಲೆ ತೆಗೆಯುವುದು, ಬಾಗಿಲ ತಳದ ರಂಧ್ರಗಳಿಗೆ ಕಡ್ಡಿ ಹಾಕುವುದು ವಾಡಿಕೆಯಾಗಿದೆ. ಚಕ್ರದ ಲೈನರಿನ ಹಿಂದೆ ಅಡಗಿರುವ ರಬ್ಬರ್ ಮೂತಿಗಳನ್ನು ತೊಳೆಯುವ ಕೆಲಸವನ್ನು ಮಾತ್ರ ಟೈರುಗಳನ್ನು ಅದಲುಬದಲು ಮಾಡಲು ಚಕ್ರ ಬಿಚ್ಚುವ ದಿನಕ್ಕೆ ಇಟ್ಟುಕೊಳ್ಳುತ್ತೇನೆ.