ಜನ ಬೇಸತ್ತ ಹಿರಿಯನ ಜಾಗಕ್ಕೆ ಹುಡುಗನೊಬ್ಬ ಬಂದಾಗ: ಬೇಸ್‌ಬಾಲ್ ಅಭಿಮಾನಿಗೆ ಕೆಲವು ಸಲಹೆಗಳು

2017ರ ಜುಲೈ 14ರಂದು ಅಮೆರಿಕದ ಬಾಸ್ಟನ್ ರೆಡ್ ಸಾಕ್ಸ್ ತಂಡ ತನ್ನ ಹಿರಿಯ ಆಟಗಾರ ಪಾಬ್ಲೊ ಸ್ಯಾಂಡೊವಾಲ್ ಅವರನ್ನು ಕೈಬಿಟ್ಟಿತು. ಹನ್ನೊಂದು ದಿನಗಳ ನಂತರ, ಇನ್ನೂ 21 ತುಂಬದ ರಫೆಲ್ ಡೆವರ್ಸ್ ಸಿಯಾಟಲ್‌ನಲ್ಲಿ ಅವರದೇ ಜಾಗವಾದ ಥರ್ಡ್ ಬೇಸ್ (ಓಟಗಾರ ಮುಟ್ಟಬೇಕಾದ ಮೂರನೆಯ ನೆಲೆ) ಕಾಯಲು ಅದೇ ತಂಡದ ಪರ ನಿಂತರು. ಅದರ ಮರುದಿನವೇ ಅವರ ಮೊದಲ ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪುವುದು) ಬಂತು, ಅದೂ ಚೆಂಡನ್ನು ಗೋಡೆಯಾಚೆ ಕಳಿಸುವ ಹೋಮ್ ರನ್ ಆಗಿ. ಥರ್ಡ್ ಬೇಸ್ ಕಡೆ ನೋಡಿದಾಗಲೆಲ್ಲ ಹಲ್ಲು ಕಚ್ಚಿ ಸುಮ್ಮನಾಗುತ್ತಿದ್ದ ಬಾಸ್ಟನ್ ಅಭಿಮಾನಿಗಳಿಗೆ ಆ ವಾರ ಹಬ್ಬವೇ ಆಗಿತ್ತು.

ಇಂಥ ಸಂತೋಷದಲ್ಲಿ ಎರಡು ಭಾವನೆಗಳು ಬೆರೆತಿರುತ್ತವೆ. ಹೋದವರು ಹೋದರಲ್ಲ ಎಂಬ ನಿರಾಳ ಒಂದು, ಬಂದವನು ಏನೋ ಮಾಡಿಯಾನು ಎಂಬ ಆಸೆ ಇನ್ನೊಂದು. ಹೊಸಬನನ್ನು ಸರಿಯಾಗಿ ಸ್ವಾಗತಿಸಬೇಕೆಂದರೆ ಇವೆರಡನ್ನೂ ಬಿಡಿಸಿ ನೋಡಬೇಕು. ಹಿರಿಯನ ಮೇಲಿನ ಸಿಟ್ಟಿನಿಂದ ಹುಟ್ಟಿದ ಚಪ್ಪಾಳೆ ಹುಡುಗನಿಗೆ ಸಂದದ್ದಲ್ಲ. ಅವನು ಮೂರು ವಾರ ಎಡವಿದ ಕೂಡಲೇ ಅದೇ ಚಪ್ಪಾಳೆ ಕೂಗಾಟವಾಗಿ ಅವನ ಮೇಲೆಯೇ ತಿರುಗುತ್ತದೆ. ಈ ಬರಹದ ಸಲಹೆಗಳೆಲ್ಲವೂ ಈ ಒಂದು ಮಾತಿನಿಂದ ಹೊರಟಿವೆ.

ಹಳೆಯ ಸಿಟ್ಟನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ

ಸ್ಯಾಂಡೊವಾಲ್ 2012ರ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಪರವಾಗಿ ಒಂದೇ ಪಂದ್ಯದಲ್ಲಿ ಮೂರು ಹೋಮ್ ರನ್ ಹೊಡೆದು, ಸರಣಿಯ ಶ್ರೇಷ್ಠ ಆಟಗಾರ ಎನಿಸಿಕೊಂಡಿದ್ದವರು. 2014ರ ಕೊನೆಯಲ್ಲಿ ಬಾಸ್ಟನ್ ಅವರಿಗೆ ಐದು ವರ್ಷಕ್ಕೆ 9.5 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. ಮೊದಲ ವರ್ಷ ಅವರ ಬ್ಯಾಟಿಂಗ್ ಸರಾಸರಿ .245ಕ್ಕೆ (ಸಾವಿರ ಸರದಿಗೆ 245 ಹಿಟ್ ಎಂಬ ಲೆಕ್ಕ) ಇಳಿಯಿತು, ಎರಡನೆಯ ವರ್ಷ ಮೂರೇ ಪಂದ್ಯ ಆಡಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾದರು, ಮೂರನೆಯ ವರ್ಷದ ನಡುವಿನಲ್ಲೇ ತಂಡದಿಂದ ಹೊರಬಿದ್ದರು. ಅಭಿಮಾನಿಗಳಿಗೆ ಬೇಸರವಾದದ್ದು ಸಹಜವೇ. ಆದರೆ ಆ ಒಪ್ಪಂದವನ್ನು ಬರೆದದ್ದು, ಅಂಕೆ ತುಂಬಿದ್ದು, ಸಹಿ ಹಾಕಿದ್ದು ತಂಡದ ಆಡಳಿತ. ಆಡಳಿತದ ಮೇಲಿನ ಸಿಟ್ಟನ್ನು ಪ್ರತಿ ರಾತ್ರಿ ಮೈದಾನದಲ್ಲಿ ಕಣ್ಣಿಗೆ ಬೀಳುವ ಆಟಗಾರನ ಮೇಲೆ ತೀರಿಸಿಕೊಳ್ಳುವುದು ಅತ್ತೆ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಂಡಂತೆ.

ಈ ತಂಡಗಳು ಆಡುವ ಅತ್ಯುನ್ನತ ಮಟ್ಟವಾದ ಮೇಜರ್ ಲೀಗ್‌ನ ನಿಯಮ ತಿಳಿದುಕೊಂಡರೆ ಈ ಸಿಟ್ಟು ಸ್ವಲ್ಪ ಇಳಿಯುತ್ತದೆ. ಇಲ್ಲಿ ಒಪ್ಪಂದದ ಹಣ ಖಾತರಿಯದು. ತಂಡ ಆಟಗಾರನನ್ನು ಪಟ್ಟಿಯಿಂದ ತೆಗೆದರೆ, ಏಳು ದಿನಗಳೊಳಗೆ ಅವರನ್ನು ಬೇರೆ ತಂಡಕ್ಕೆ ಕೊಡಬೇಕು, ಕೆಳಹಂತದ ಮೈನರ್ ಲೀಗ್‌ಗೆ ಕಳಿಸಬೇಕು, ಇಲ್ಲವೇ ಬಿಡುಗಡೆ ಮಾಡಬೇಕು. ಐದು ವರ್ಷ ಸೇವೆ ಪೂರೈಸಿದವರು ಮೈನರ್ ಲೀಗ್‌ಗೆ ಹೋಗಲು ಒಪ್ಪದೆಯೂ ತಮ್ಮ ಪೂರ್ತಿ ಸಂಬಳ ಪಡೆಯಬಹುದು. ಬಿಡುಗಡೆಯಾದವರನ್ನು ಬೇರೆ ತಂಡ ಲೀಗ್‌ನ ಕನಿಷ್ಠ ಸಂಬಳಕ್ಕೆ ಸೇರಿಸಿಕೊಳ್ಳಬಹುದು. ಉಳಿದ ಮೊತ್ತವನ್ನು ಹಳೆಯ ತಂಡವೇ ತೆರುತ್ತದೆ. ಸ್ಯಾಂಡೊವಾಲ್ ಅವರನ್ನು ಬಿಡುವಾಗ ಬಾಸ್ಟನ್‌ ಮೇಲೆ 4.5 ಕೋಟಿ ಡಾಲರ್‌ಗೂ ಹೆಚ್ಚಿನ ಬಾಕಿಯಿತ್ತು. ಹೀಗೆ, ಜನ ಬೇಸತ್ತ ಎಷ್ಟೋ ದಿನಗಳ ನಂತರವೂ ಹಿರಿಯ ಆಟಗಾರರು ತಂಡದಲ್ಲಿ ಉಳಿದುಕೊಳ್ಳುವುದಕ್ಕೆ ಅವರ ಹಟಕ್ಕಿಂತ ಈ ಲೆಕ್ಕಾಚಾರವೇ ದೊಡ್ಡ ಕಾರಣ.

ಇದರಿಂದ ನೀವು ಮಾಡಬೇಕಾದ ಕೆಲಸ ಒಂದೇ. ಹುಡುಗನ ಹೆಸರು ಹೇಳುವಾಗ ಹಿರಿಯರ ಹೆಸರು ಎತ್ತಬೇಡಿ. ಅವನು ಹಿಟ್ ಹೊಡೆದಾಗ ಹೋದವರನ್ನು ಅಣಕಿಸಿ ಘೋಷಣೆ ಕೂಗುವುದು, ಹಳೆಯ ಜೆರ್ಸಿಯ ಹೆಸರಿನ ಮೇಲೆ ಟೇಪ್ ಅಂಟಿಸಿ ಹೊಸ ಹೆಸರು ಗೀಚಿಕೊಂಡು ಬರುವುದು, ಇವು ಕೂಗುವವರಿಗೆ ಖುಷಿ ಕೊಡಬಹುದು, ಆದರೆ ಹುಡುಗನಿಗೆ ಇರಿಸುಮುರಿಸು ತರುತ್ತವೆ. ವಸಂತಕಾಲದ ತರಬೇತಿ ಶಿಬಿರದಲ್ಲಿ ಅವನು ಅದೇ ಹಿರಿಯರ ಪಕ್ಕದಲ್ಲಿ ನಿಂತು ಗ್ರೌಂಡ್ ಬಾಲ್ ಹಿಡಿಯುವುದನ್ನು ಕಲಿತಿರಬಹುದು ಎಂಬುದನ್ನು ನಾವು ಮರೆಯುತ್ತೇವೆ.

ಅವನು ಬರುವ ಮುನ್ನ ಅವನ ಆಟ ನೋಡಿ

ಪ್ರತಿಭೆಗಳ ಪಟ್ಟಿಯಲ್ಲಿ ಅವನಿಗೆ ಎಷ್ಟನೆಯ ಸ್ಥಾನವಿದೆ ಎಂಬುದಕ್ಕಿಂತ, ಅವನು ಎಂಥ ಆಟಗಾರ ಎಂಬುದನ್ನು ತಿಳಿದುಕೊಳ್ಳಿ. ಪ್ರತಿಭಾನ್ವೇಷಕರು ಪ್ರತಿ ಕೌಶಲಕ್ಕೂ 20ರಿಂದ 80ರವರೆಗೆ ಅಂಕ ಕೊಡುತ್ತಾರೆ. ಅದರಲ್ಲಿ 50 ಎಂದರೆ ಮೇಜರ್ ಲೀಗ್‌ನ ಸರಾಸರಿ ಮಟ್ಟ. ಬಲಕ್ಕೆ 60, ಚೆಂಡನ್ನು ಬ್ಯಾಟಿಗೆ ತಾಗಿಸುವ ಕೌಶಲಕ್ಕೆ 45 ಎಂದು ಬರೆದಿದ್ದರೆ, ಆ ಹುಡುಗ ದೂರ ಹೊಡೆಯುತ್ತಾನೆ, ಆದರೆ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಕೂಡ ಹೆಚ್ಚು ಆಗುತ್ತಾನೆ ಎಂದು ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಬಹುದು. ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ ಎಂಬ ಮೈನರ್ ಲೀಗ್‌ನ ಮೆಟ್ಟಿಲುಗಳನ್ನು ಅವನು ಯಾವ ವಯಸ್ಸಿನಲ್ಲಿ ಹತ್ತಿದ ಎಂಬುದನ್ನೂ ಗಮನಿಸಿ. ಡಬಲ್-ಎ ಮಟ್ಟದಲ್ಲಿ 20ರ ಹುಡುಗ ಸಾಧಾರಣವಾಗಿ ಆಡಿದರೂ, ಅಲ್ಲಿ 25ರ ಆಟಗಾರ ಚೆನ್ನಾಗಿ ಆಡಿದ್ದಕ್ಕಿಂತ ಅದರಲ್ಲಿ ಹೆಚ್ಚು ಭರವಸೆ ಇರುತ್ತದೆ. ಡೆವರ್ಸ್ ಮೇಲೆ ಬರುವ ಮುನ್ನ ಟ್ರಿಪಲ್-ಎ ಮಟ್ಟದಲ್ಲಿ ಆಡಿದ್ದು ಒಂಬತ್ತೇ ಪಂದ್ಯ.

ಅವನನ್ನು ತಡವಾಗಿ ಕರೆಸಿದರೆ ಅವನ ಮೇಲೆ ಅನುಮಾನ ಪಡಬೇಡಿ. ಮೇಜರ್ ಲೀಗ್ ಪಟ್ಟಿಯಲ್ಲಿ 172 ದಿನ ಇದ್ದರೆ ಒಂದು ಪೂರ್ತಿ ವರ್ಷದ ಸೇವೆ ಎಂದು ಲೆಕ್ಕ, ಆರು ವರ್ಷ ತುಂಬಿದರೆ ಆಟಗಾರ ತನಗೆ ಬೇಕಾದ ತಂಡ ಸೇರಲು ಸ್ವತಂತ್ರ. ಕೆಲವು ವಾರ ತಡಮಾಡಿ ಕರೆಸಿದರೆ ತಂಡಕ್ಕೆ ಇನ್ನೊಂದು ವರ್ಷದ ಹಿಡಿತ ಸಿಗುವ ಕಾರಣ, ತಯಾರಾದ ಹುಡುಗರನ್ನೂ ಕೆಳಗೇ ಉಳಿಸಿಕೊಂಡ ಉದಾಹರಣೆಗಳಿವೆ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2022ರ ಒಪ್ಪಂದದಿಂದೀಚೆಗೆ, ಇಂಥ ಹುಡುಗರನ್ನು ಋತುವಿನ ಆರಂಭದಿಂದಲೇ ಆಡಿಸುವ ತಂಡಕ್ಕೆ ಹೆಚ್ಚುವರಿ ಡ್ರಾಫ್ಟ್ ಆಯ್ಕೆ (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ) ಸಿಗುವ ಅವಕಾಶವೂ ಇದೆ.

ಇಷ್ಟೆಲ್ಲ ಓದಿದ ಮೇಲೆ ಅವನನ್ನು ದಿಗ್ಗಜರ ಹಾಲ್ ಆಫ್ ಫೇಮ್‌ಗೆ ಸೇರಿಸುವ ಆತುರ ಬೇಡ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರೆ, ಆ ಕುಲಾವಿಯ ಭಾರ ಹೊರಬೇಕಾದದ್ದು ಕೂಸೇ.

ಮೊದಲ ದಿನ

ಆ ದಿನ ಸಾಧ್ಯವಾದರೆ ಬೇಗ ಹೋಗಿ, ಬ್ಯಾಟಿಂಗ್ ಅಭ್ಯಾಸದ ಹೊತ್ತಿಗೆ. ಹುಡುಗನ ತಂದೆ ತಾಯಿ ಸಾಮಾನ್ಯವಾಗಿ ರಾತ್ರೋರಾತ್ರಿ ವಿಮಾನ ಹತ್ತಿ ಬಂದಿರುತ್ತಾರೆ, ಡಗ್‌ಔಟ್ (ಆಟಗಾರರು ಕೂರುವ ಜಾಗ) ಹಿಂದಿನ ಸಾಲುಗಳಲ್ಲಿ ಎಲ್ಲೋ ಕುಳಿತಿರುತ್ತಾರೆ. ಅವರ ಕಿವಿಗೆ ಬೀಳುವಂತೆ ಏನು ಮಾತಾಡುತ್ತೀರಿ ಎಂಬ ಎಚ್ಚರವಿರಲಿ.

ಅವನ ಸರದಿ ಬಂದಾಗ ಕಣ್ಣಿಟ್ಟು ನೋಡಿ. ಧ್ವನಿವರ್ಧಕದಲ್ಲಿ ಅವನ ಹೆಸರು ಮೊದಲ ಬಾರಿ ಕೇಳಿಸುತ್ತದೆ. ಅವನು ಬ್ಯಾಟ್ ಮೇಲಿನ ತೂಕದ ಬಳೆಯನ್ನು ನೆಲಕ್ಕೆ ಕುಟ್ಟಿ ತೆಗೆದು ನಡೆದು ಬರುತ್ತಾನೆ, ಅಂಪೈರ್‌ಗೂ ಕ್ಯಾಚರ್‌ಗೂ ತಲೆಯಾಡಿಸುತ್ತಾನೆ, ಹಿಂದಿನ ಬ್ಯಾಟರ್ ತೋಡಿದ ಗುಂಡಿಯನ್ನು ಬೂಟಿನಿಂದ ಒಮ್ಮೆ ಸಮ ಮಾಡಿ, ಮತ್ತೆ ತನ್ನ ಹಿಂಗಾಲಿಗೆ ಬೇಕಾದಷ್ಟು ಕೆದಕಿಕೊಳ್ಳುತ್ತಾನೆ. ಈ ಹತ್ತಿಪ್ಪತ್ತು ಕ್ಷಣಗಳೇ ಎದ್ದು ನಿಲ್ಲುವ ಹೊತ್ತು. ಎದ್ದು ನಿಂತು ಚಪ್ಪಾಳೆ ತಟ್ಟಿ, ಪಿಚರ್ ಚೆಂಡು ಹಿಡಿದು ಸಿದ್ಧರಾದಾಗ ಸದ್ದು ಇಳಿಸಿ. ಮೊದಲ ಸರದಿಯಲ್ಲಿ ಅವನು ಸ್ಟ್ರೈಕ್‌ಔಟ್ ಆಗಿ ಮರಳಿದರೂ ಡಗ್‌ಔಟ್ ಸೇರುವವರೆಗೆ ಚಪ್ಪಾಳೆ ನಿಲ್ಲಿಸಬೇಡಿ. ಹೋಮ್ ರನ್‌ಗೆ ಎಲ್ಲರೂ ಕೂಗುತ್ತಾರೆ. ಹೊಸಬ ನೆನಪಿಟ್ಟುಕೊಳ್ಳುವುದು ಔಟಾಗಿ ನಡೆದ ದಾರಿಯಲ್ಲಿ ಕೇಳಿದ ಸದ್ದನ್ನು ಎಂದು ನಾನು ಬಲವಾಗಿ ನಂಬುತ್ತೇನೆ.

ಮೊದಲ ಹಿಟ್‌ನ ಚೆಂಡನ್ನು ಅವನಿಗಾಗಿ ತೆಗೆದಿಡುವುದು ಆಟದ ಹಳೆಯ ರೂಢಿ. ಫೀಲ್ಡರ್‌ಗಳು ಅದನ್ನು ಡಗ್‌ಔಟ್ ಕಡೆ ಎಸೆಯುತ್ತಾರೆ. ಆದರೆ ಅದು ಹೋಮ್ ರನ್ ಆಗಿ ನಿಮ್ಮ ಕೈಗೆ ಬಿದ್ದರೆ ನಿರ್ಧಾರ ನಿಮ್ಮದು. ಸಿಬ್ಬಂದಿ ಬಂದು ಕೇಳಿದಾಗ ಅದನ್ನು ಕೊಟ್ಟುಬಿಡಿ. ಪ್ರತಿಯಾಗಿ ಸಹಿ ಹಾಕಿದ ಬ್ಯಾಟ್ ಅಥವಾ ಚೆಂಡು, ಪಂದ್ಯದ ನಂತರ ಹುಡುಗನೊಂದಿಗೆ ಒಂದು ಫೋಟೊ ಕೇಳುವುದರಲ್ಲಿ ತಪ್ಪೇನಿಲ್ಲ. ಅದಕ್ಕಿಂತ ಹೆಚ್ಚಿನ ಚೌಕಾಸಿಗೆ ಇಳಿಯಬೇಡಿ, ಆ ಚೆಂಡು ಹೋಗಿ ಸೇರುವುದು ಅವನ ಮನೆಯ ಕಪಾಟನ್ನು.

ಬರಗಾಲದ ವಾರಗಳು

ಸ್ವಾಗತ ಎಂಬುದರ ನಿಜವಾದ ಪರೀಕ್ಷೆ ಇಲ್ಲಿದೆ. ಮೇಜರ್ ಲೀಗ್ ಪಿಚರ್‌ಗಳು ಹೊಸಬನನ್ನು ಓದಲು ಬಹಳ ದಿನ ತೆಗೆದುಕೊಳ್ಳುವುದಿಲ್ಲ. ಒಳಬದಿಯ ವೇಗದ ಎಸೆತಕ್ಕೆ ಅವನ ಕೈ ತಡವಾಗುತ್ತದೆಯೇ, ಹೊರಕ್ಕೆ ಜಾರುವ ಸ್ಲೈಡರ್‌ಗೆ ಬ್ಯಾಟ್ ಬೀಸುತ್ತಾನೆಯೇ ಎಂಬುದೆಲ್ಲ ವಿಡಿಯೊದಲ್ಲಿ ಸಿಗುತ್ತದೆ. ಒಂದು ದೌರ್ಬಲ್ಯ ಗೊತ್ತಾದರೆ ಎಲ್ಲ ತಂಡಗಳೂ ಅದನ್ನೇ ಕೆದಕುತ್ತವೆ, ಅವನು ತಿದ್ದಿಕೊಳ್ಳುವವರೆಗೆ. ಅದಲ್ಲದೆ ಇದು ಸೋಲೇ ಹೆಚ್ಚಿರುವ ಆಟ. ಇತ್ತೀಚಿನ ಋತುಗಳಲ್ಲಿ ಇಡೀ ಲೀಗ್‌ನ ಬ್ಯಾಟಿಂಗ್ ಸರಾಸರಿಯೇ .250ಕ್ಕಿಂತ ಕೆಳಗಿದೆ, ಅಂದರೆ ಅನುಭವಿಗಳಿಗೂ ನಾಲ್ಕರಲ್ಲಿ ಒಂದು ಹಿಟ್ ಸಿಗುವುದು ಕಷ್ಟ.

1951ರ ಮೇ ತಿಂಗಳಲ್ಲಿ ವಿಲ್ಲಿ ಮೇಸ್ ನ್ಯೂಯಾರ್ಕ್ ಜೈಂಟ್ಸ್ ಸೇರಿದಾಗ ಮೊದಲ 12 ಸರದಿಗಳಲ್ಲಿ ಅವರಿಗೆ ಒಂದೂ ಹಿಟ್ ಬರಲಿಲ್ಲ. ನಂತರ ವಾರೆನ್ ಸ್ಪಾನ್ ಎಸೆತಕ್ಕೆ ಹೋಮ್ ರನ್ ಹೊಡೆದರು, ಮತ್ತೆ ಬರಗಾಲ ಮುಂದುವರಿಯಿತು. ಮ್ಯಾನೇಜರ್ ಲಿಯೊ ಡುರೋಶರ್ ಅವರನ್ನು ತಂಡದಿಂದ ಕದಲಿಸಲಿಲ್ಲ. ವರ್ಷದ ಕೊನೆಗೆ ಮೇಸ್ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಪಡೆದರು. ಮೈಕ್ ಟ್ರೌಟ್ 2011ರಲ್ಲಿ 40 ಪಂದ್ಯಗಳಲ್ಲಿ .220 ಸರಾಸರಿಯಲ್ಲೇ ನಿಂತರು, ಮುಂದಿನ ವರ್ಷವನ್ನು ಟ್ರಿಪಲ್-ಎ ಮಟ್ಟದಲ್ಲೇ ಆರಂಭಿಸಿದರು. 2012ರ ಏಪ್ರಿಲ್ ಕೊನೆಯಲ್ಲಿ ಏಂಜಲ್ಸ್ ತಂಡ 38 ವರ್ಷದ ಬಾಬಿ ಅಬ್ರೆಯು ಅವರನ್ನು ಬಿಡುಗಡೆ ಮಾಡಿ ಟ್ರೌಟ್ ಅವರನ್ನು ಮತ್ತೆ ಕರೆಸಿತು. ಆ ಋತುವಿನಲ್ಲಿ ಅವರು .326 ಸರಾಸರಿ, 30 ಹೋಮ್ ರನ್, 49 ಬೇಸ್ ಕಳವು (ಹಿಟ್‌ಗೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರುವುದು) ದಾಖಲಿಸಿದರು.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಾಗುವುದು ಏರನ್ ಜಡ್ಜ್. 2016ರ ಆಗಸ್ಟ್ 12ರಂದು ಅಲೆಕ್ಸ್ ರೋಡ್ರಿಗಸ್ ಯಾಂಕೀಸ್ ಪರ ತಮ್ಮ ಕೊನೆಯ ಪಂದ್ಯ ಆಡಿದರು. ಉದ್ದೀಪನ ಮದ್ದಿನ ಪ್ರಕರಣದಲ್ಲಿ 2014ರ ಇಡೀ ಋತು ಅಮಾನತಿನಲ್ಲಿದ್ದವರು ಅವರು, 2016ರಲ್ಲಿ ಅವರ ಸರಾಸರಿ .200. ಮರುದಿನ ಟೈಲರ್ ಆಸ್ಟಿನ್ ಮತ್ತು ಜಡ್ಜ್ ತಮ್ಮ ಮೊಟ್ಟಮೊದಲ ಸರದಿಯಲ್ಲೇ ಒಬ್ಬರ ಹಿಂದೊಬ್ಬರು ಹೋಮ್ ರನ್ ಹೊಡೆದರು. ಒಂದು ಯುಗ ಮುಗಿದು ಇನ್ನೊಂದು ಶುರುವಾದಂತೆ ಕಂಡಿತು. ಆದರೆ ಆ ಬೇಸಿಗೆಯ ಉಳಿದ ದಿನಗಳಲ್ಲಿ ಜಡ್ಜ್ ತತ್ತರಿಸಿದರು: 84 ಬಾರಿ ಬ್ಯಾಟ್ ಹಿಡಿದು 42 ಸಲ ಸ್ಟ್ರೈಕ್‌ಔಟ್, ಸರಾಸರಿ .179. ಆ ಅಂಕೆಗಳನ್ನೇ ನೋಡಿ ಕೈತೊಳೆದುಕೊಂಡವರು ಮರುವರ್ಷ ಅದೇ ಆಟಗಾರ 52 ಹೋಮ್ ರನ್ ಹೊಡೆಯುವುದನ್ನು ನೋಡಬೇಕಾಯಿತು.

ಹಾಗೆಂದು ಕಣ್ಣು ಮುಚ್ಚಿಕೊಂಡು ಕಾಯಬೇಕಾಗಿಲ್ಲ. ಸರಾಸರಿ ಬಿಟ್ಟು ಬೇರೆ ಕಡೆ ಗಮನ ಕೊಡಿ. ಹೊರಗಿನ ಎಸೆತಗಳನ್ನು ಬಿಡುವ ತಾಳ್ಮೆ ಹೆಚ್ಚುತ್ತಿದೆಯೇ, ಹೊಡೆದ ಚೆಂಡು ಬಲವಾಗಿ ಹೋಗಿ ಫೀಲ್ಡರ್ ಕೈ ಸೇರುತ್ತಿದೆಯೇ, ಬ್ಯಾಟಿಂಗ್‌ನ ಬೇಸರ ಫೀಲ್ಡಿಂಗ್‌ಗೆ ಅಂಟಿಕೊಂಡಿದೆಯೇ? ಡೆವರ್ಸ್ ಮೊದಲ ಋತುವಿನ 58 ಪಂದ್ಯಗಳಲ್ಲಿ ಫೀಲ್ಡಿಂಗ್‌ನಲ್ಲಿ 14 ತಪ್ಪು ಮಾಡಿದರು. ಅದೇ ಋತುವಿನ ಆಗಸ್ಟ್‌ನಲ್ಲಿ, ಯಾಂಕೀ ಸ್ಟೇಡಿಯಂನಲ್ಲಿ, ಒಂಬತ್ತನೆಯ ಇನಿಂಗ್ಸ್‌ನಲ್ಲಿ, ಅರೋಲ್ಡಿಸ್ ಚಾಪ್ಮನ್ ಗಂಟೆಗೆ 102 ಮೈಲಿಗೂ ಮೀರಿದ ವೇಗದಲ್ಲಿ ಎಸೆದ ಚೆಂಡನ್ನು ಎದುರು ದಿಕ್ಕಿನ ಗೋಡೆಯಾಚೆ ಕಳಿಸಿ ಪಂದ್ಯ ಸಮ ಮಾಡಿದ್ದೂ ಅವರೇ. ಹುಡುಗನನ್ನು ಒಪ್ಪಿಕೊಳ್ಳುವುದೆಂದರೆ ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವುದು.

ತಂಡ ಅವನನ್ನು ಮತ್ತೆ ಕೆಳಗೆ ಕಳಿಸಿದರೆ ಅದನ್ನು ಅವನ ಕಥೆಯ ಕೊನೆ ಎಂದು ತಿಳಿಯಬೇಡಿ. 2024ರ ಏಪ್ರಿಲ್‌ನಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಜಾಕ್ಸನ್ ಹಾಲಿಡೇ, 20ರ ಹರೆಯದಲ್ಲಿ, 34 ಬಾರಿ ಬ್ಯಾಟ್ ಹಿಡಿದು ಎರಡೇ ಹಿಟ್ ಗಳಿಸಿ ಟ್ರಿಪಲ್-ಎಗೆ ಮರಳಿದರು. ಜುಲೈ 31ರಂದು ತಿರುಗಿ ಬಂದ ದಿನವೇ ತವರಿನ ಮೈದಾನದಲ್ಲಿ ಗ್ರ್ಯಾಂಡ್ ಸ್ಲಾಮ್ (ಮೂರೂ ಬೇಸ್‌ಗಳಲ್ಲಿ ತನ್ನವರಿದ್ದಾಗ ಹೊಡೆದ ಹೋಮ್ ರನ್) ಹೊಡೆದರು. ಏಪ್ರಿಲ್‌ನಲ್ಲಿ ಎದ್ದು ನಿಂತಿದ್ದಷ್ಟೇ ಪ್ರೀತಿಯಿಂದ ಎರಡನೆಯ ಆಗಮನಕ್ಕೂ ಎದ್ದು ನಿಲ್ಲಿ.

ಹಿರಿಯರು ಎದುರಾಳಿಯಾಗಿ ಬಂದಾಗ

ಬಿಡುಗಡೆಯಾದವರು ಬೇರೆ ತಂಡದ ಬಟ್ಟೆ ತೊಟ್ಟು ನಿಮ್ಮ ಮೈದಾನಕ್ಕೆ ಬರುವ ದಿನವೂ ಇದೆ. ಅವರ ಆಟ ಮುಗಿದೇ ಹೋಗಿದೆ ಎಂದು ತೀರ್ಪು ಕೊಡುವ ಮುನ್ನ ಆಲ್ಬರ್ಟ್ ಪುಹೋಲ್ಸ್ ಅವರನ್ನು ನೆನೆಯಿರಿ. ಹತ್ತು ವರ್ಷಕ್ಕೆ 24 ಕೋಟಿ ಡಾಲರ್ ಒಪ್ಪಂದದ ಕೊನೆಯ ವರ್ಷವಾದ 2021ರಲ್ಲಿ ಏಂಜಲ್ಸ್ ತಂಡ ಅವರನ್ನು ಕೈಬಿಟ್ಟಿತು. 2022ರಲ್ಲಿ ಸೇಂಟ್ ಲೂಯಿಸ್‌ಗೆ ಮರಳಿ, 700ರ ಗಡಿ ದಾಟಿ, 703 ಹೋಮ್ ರನ್‌ಗಳೊಂದಿಗೆ ಅವರು ನಿವೃತ್ತರಾದರು.

ಡೆವರ್ಸ್ ಕಥೆಯೂ ಮುಂದೆ ಹೀಗೆಯೇ ತಿರುಗಿತು. ಬಾಸ್ಟನ್ ಅವರಿಗೆ 31 ಕೋಟಿ ಡಾಲರ್‌ಗೂ ಮೀರಿದ ಒಪ್ಪಂದ ಕೊಟ್ಟಿತು. 2025ರಲ್ಲಿ ಅಲೆಕ್ಸ್ ಬ್ರೆಗ್‌ಮನ್ ಬಂದಾಗ ಅದೇ ಥರ್ಡ್ ಬೇಸ್ ಬಿಟ್ಟುಕೊಡುವಂತೆ ಕೇಳಿತು, ಜಗಳವಾಯಿತು, ಜೂನ್‌ನಲ್ಲಿ ಅವರನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕಳಿಸಿತು. ಒಂದು ಕಾಲಕ್ಕೆ ಸ್ಯಾಂಡೊವಾಲ್ ಬಾಸ್ಟನ್‌ಗೆ ಬಂದದ್ದು ಅದೇ ಊರಿನಿಂದ.

ಹಿರಿಯರ ಹೆಸರು ಧ್ವನಿವರ್ಧಕದಲ್ಲಿ ಬಂದಾಗ, ಮೊದಲ ಸರದಿಗೆ ಮಾತ್ರ, ಎದ್ದು ನಿಂತು ಅರ್ಧ ನಿಮಿಷ ಚಪ್ಪಾಳೆ ತಟ್ಟಿ. ಆಮೇಲೆ ಕುಳಿತು ನಿಮ್ಮ ಪಿಚರ್‌ಗೆ ಜೋರಾಗಿ ಕೂಗಿ. ಅವರು ಬಿಟ್ಟುಹೋದ ಜಾಗದಲ್ಲಿ ಮೊಣಕಾಲು ಬಗ್ಗಿಸಿ, ಗ್ಲವ್ ತೆರೆದು, ಅವರು ಹೊಡೆಯಲಿರುವ ಚೆಂಡಿಗಾಗಿ ಹುಡುಗ ಕಾಯುತ್ತಿರುತ್ತಾನೆ.