ಬೀಥೋವನ್‌ನ ಕೊನೆಯ ಕ್ವಾರ್ಟೆಟ್‌ಗಳನ್ನು ಅಭ್ಯಾಸ ಮಾಡುವ ಬಗೆ

ಬೀಥೋವನ್ 1824ರಿಂದ 1826ರವರೆಗೆ ರಚಿಸಿದ ಐದು ಸ್ಟ್ರಿಂಗ್ ಕ್ವಾರ್ಟೆಟ್‌ಗಳನ್ನು (ಎರಡು ವಯೊಲಿನ್, ಒಂದು ವಿಯೋಲಾ, ಒಂದು ಚೆಲ್ಲೊಗಾಗಿ ಬರೆದ ಕೃತಿಗಳನ್ನು) ಅಭ್ಯಾಸಕ್ಕೆ ಎತ್ತಿಕೊಳ್ಳುವವರು ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ಅವುಗಳ ಓಪಸ್ ಸಂಖ್ಯೆಗಳು, ಅಂದರೆ ಕೃತಿಗಳಿಗೆ ಕೊಟ್ಟ ಕ್ರಮಸಂಖ್ಯೆಗಳು, ರಚನೆಯ ಕ್ರಮವನ್ನು ಅನುಸರಿಸುವುದಿಲ್ಲ. ರಷ್ಯದ ರಾಜಕುಮಾರ ನಿಕೊಲಾಯ್ ಗಲಿಟ್ಸಿನ್ 1822ರಲ್ಲಿ ಇಟ್ಟ ಬೇಡಿಕೆಗಾಗಿ ಹುಟ್ಟಿದವು ಓಪಸ್ 127, 132 ಮತ್ತು 130, ಇದೇ ಕ್ರಮದಲ್ಲಿ. ಆಮೇಲೆ ಬಂದವು 131 ಮತ್ತು 135. ಐದನ್ನೂ ಒಂದೇ ವಾರದಲ್ಲಿ ಕೇಳಿ ಮುಗಿಸುವ ಉತ್ಸಾಹವನ್ನು ಬದಿಗಿಟ್ಟು, 132ರ ಮೂರನೆಯ ಭಾಗವೊಂದನ್ನೇ ಹಿಡಿದು ಒಂದು ತಿಂಗಳು ಕೂರುವುದು ಮೇಲು ಎಂಬುದು ನನ್ನ ಅಭಿಪ್ರಾಯ.

1825ರ ವಸಂತದಲ್ಲಿ ತೀವ್ರ ಕಾಯಿಲೆಯಿಂದ ಚೇತರಿಸಿಕೊಂಡ ಬೀಥೋವನ್ ಈ ಭಾಗಕ್ಕೆ, ಗುಣಮುಖನಾದವನು ದೇವರಿಗೆ ಸಲ್ಲಿಸುವ ಪವಿತ್ರ ಕೃತಜ್ಞತಾಗೀತೆ, ಲಿಡಿಯನ್ ಮೋಡ್‌ನಲ್ಲಿ (ಒಂದು ಹಳೆಯ ಸ್ವರಶ್ರೇಣಿಯಲ್ಲಿ), ಎಂಬರ್ಥದ ಶೀರ್ಷಿಕೆಯನ್ನು ತಾನೇ ಬರೆದನು. ಸ್ಕೋರನ್ನು, ಅಂದರೆ ಎಲ್ಲ ವಾದ್ಯಗಳ ಸಾಲುಗಳಿರುವ ಸ್ವರಲಿಪಿಯನ್ನು, ಎದುರಿಗಿಟ್ಟುಕೊಂಡು ಮೊದಲ 30 ಬಾರ್‌ಗಳನ್ನು (ತಾಳದ ಆವರ್ತನದಂಥ ಅಳತೆಗಳನ್ನು) ಪೆನ್ಸಿಲಿನಿಂದ ಆರಾರರಂತೆ ಭಾಗಿಸಿದರೆ ಗೀತೆಯ ಐದು ಸಾಲುಗಳು ಎದ್ದು ಕಾಣುತ್ತವೆ: ಪ್ರತಿ ಸಾಲಿಗೆ ಮುನ್ನ ಎರಡು ಬಾರ್‌ಗಳಷ್ಟು ವಾದ್ಯಗಳು ಒಂದನ್ನೊಂದು ಅನುಕರಿಸುತ್ತವೆ, ಅನಂತರ ನಾಲ್ಕು ಬಾರ್‌ಗಳಲ್ಲಿ ಎಂಟು ನಿಧಾನ ಸ್ವರಗಳ ಗೀತೆ ಬರುತ್ತದೆ. ಈಗ ಒಂದೊಂದು ವಾದ್ಯದ ಸಾಲನ್ನೂ ಬೇರೆಯಾಗಿ ಹಾಡಿಕೊಳ್ಳಬೇಕು. ವಿಯೋಲಾದ ಸಾಲು ಆಲ್ಟೊ ಕ್ಲೆಫ್‌ನಲ್ಲಿರುವುದರಿಂದ (ಯಾವ ಗೆರೆ ಯಾವ ಸ್ವರ ಎಂದು ಗೊತ್ತುಮಾಡುವ ಚಿಹ್ನೆಯೇ ಕ್ಲೆಫ್) ಹೊಸಬರು ಅಲ್ಲಿ ಮುಗ್ಗರಿಸುತ್ತಾರೆ. ನಡುವಿನ ಗೆರೆಯೇ ಮಧ್ಯದ ಸಿ ಎಂದು ನೆನಪಿಟ್ಟರೆ ಸಾಕು.

ಕರ್ನಾಟಕ ಸಂಗೀತ ಬಲ್ಲವರಿಗೆ ಇಲ್ಲಿ ಒಂದು ಅನುಕೂಲವೂ ಒಂದು ಅಪಾಯವೂ ಇವೆ. ಎಫ್‌ನಿಂದ ಹೊರಡುವ ಲಿಡಿಯನ್ ಶ್ರೇಣಿಯ ಸ್ವರಗಳು ಮೇಚಕಲ್ಯಾಣಿಯ ಸ್ವರಗಳೇ. ಬೀಥೋವನ್ ಬಿ ಫ್ಲಾಟನ್ನು, ಅಂದರೆ ಶುದ್ಧ ಮಧ್ಯಮವನ್ನು, ಗೀತೆಯಿಂದ ದೂರವಿಟ್ಟಿದ್ದಾನೆ. ಆದರೆ ಇಲ್ಲಿ ಆಧಾರಶ್ರುತಿ ಇಲ್ಲ. ಶ್ರುತಿ ಇಲ್ಲದ ಕಡೆ ಕಿವಿ ಮೆಲ್ಲಗೆ ಸಿ ಸ್ವರವನ್ನೇ ಷಡ್ಜವೆಂದು ಹಿಡಿಯತೊಡಗುತ್ತದೆ, ಆಗ ಅದೇ ಸ್ವರಗಳು ಶಂಕರಾಭರಣದಂತೆ ಕೇಳಿಸುತ್ತವೆ. ಒಮ್ಮೆ ಶ್ರುತಿಪೆಟ್ಟಿಗೆಯನ್ನು ಎಫ್‌ಗೆ ಇಟ್ಟು ಗೀತೆಯನ್ನು ಹಾಡಿ, ಇನ್ನೊಮ್ಮೆ ಅದನ್ನು ನಿಲ್ಲಿಸಿ ಧ್ವನಿಮುದ್ರಿಕೆಯನ್ನು ಕೇಳಿದರೆ ಈ ತೂಗಾಟ ಸ್ಪಷ್ಟವಾಗುತ್ತದೆ. ಗೀತೆ ನೆಲಕ್ಕೆ ತಾಗದೆ ತೇಲುವಂತೆ ತೋರಲು ಮುಖ್ಯ ಕಾರಣ ಇದೇ ಎಂದು ನನಗನ್ನಿಸುತ್ತದೆ. ಇಷ್ಟಾದರೂ ಇದನ್ನು ಕಲ್ಯಾಣಿ ರಾಗವೆಂದು ಕರೆಯಬಾರದು: ಗಮಕವಾಗಲಿ ಸಂಚಾರವಾಗಲಿ ಇಲ್ಲಿಲ್ಲ, ನಡೆಯೆಲ್ಲ ನಾಲ್ಕು ಧ್ವನಿಗಳ ಹೊಂದಾಣಿಕೆಯಿಂದ ಮೂಡುತ್ತದೆ.

31ನೆಯ ಬಾರ್‌ನಲ್ಲಿ, ಹೊಸ ಶಕ್ತಿಯನ್ನು ಅನುಭವಿಸುತ್ತ ಎಂಬ ಸೂಚನೆಯೊಂದಿಗೆ, ಡಿ ಮೇಜರ್‌ನ (ಡಿ ಸ್ವರವೇ ಷಡ್ಜವಾದ ಶಂಕರಾಭರಣದ ಸ್ವರಗಳ) ಚುರುಕು ನಡೆ ಶುರುವಾಗುತ್ತದೆ. ಗೀತೆ ಮತ್ತೆರಡು ಬಾರಿ ಮರಳುತ್ತದೆ. ಪ್ರತಿ ಸಲವೂ ಸುತ್ತಲಿನ ಧ್ವನಿಗಳು ಹೇಗೆ ಹೆಚ್ಚು ಹೆಣೆದುಕೊಂಡಿವೆ ಎಂಬುದನ್ನು ಮೂರು ಪುಟಗಳನ್ನು ಅಕ್ಕಪಕ್ಕ ಹರಡಿಟ್ಟು ಹೋಲಿಸಬೇಕು. ಬುಷ್ ಕ್ವಾರ್ಟೆಟ್ ಎಂಬ ವಾದಕರ ತಂಡ 1937ರಲ್ಲಿ ಮುದ್ರಿಸಿದ ವಾದನವನ್ನೂ ಇತ್ತೀಚಿನ ಒಂದು ವಾದನವನ್ನೂ ಗಡಿಯಾರ ಹಿಡಿದು ಕೇಳಿದರೆ, ವೇಗದ ಆಯ್ಕೆಯೊಂದೇ ಅರ್ಥವನ್ನು ಎಷ್ಟು ಬದಲಿಸುತ್ತದೆ ಎಂಬುದು ತಿಳಿಯುತ್ತದೆ.

ಅನಂತರ ಅದೇ ಕ್ವಾರ್ಟೆಟ್‌ನ ಆರಂಭಕ್ಕೆ ಹೋಗಿ, ಚೆಲ್ಲೊ ನುಡಿಸುವ ಜಿ ಶಾರ್ಪ್, ಎ, ಎಫ್, ಇ ಎಂಬ ನಾಲ್ಕು ಸ್ವರಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಇದರ ಬಂಧುಗಳು 131ರ ಮೊದಲ ಫ್ಯೂಗ್‌ನಲ್ಲಿಯೂ (ಒಂದೇ ಸ್ವರಗುಚ್ಛವನ್ನು ಧ್ವನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆಯೇ ಫ್ಯೂಗ್) ಗ್ರೋಸೆ ಫ್ಯೂಗೆಯಲ್ಲಿಯೂ ಸಿಗುತ್ತವೆ. ಈ ಗ್ರೋಸೆ ಫ್ಯೂಗೆ ಮೊದಲು 130ರ ಕೊನೆಯ ಭಾಗವಾಗಿತ್ತು. 1826ರ ಮಾರ್ಚ್‌ನ ಮೊದಲ ಕಛೇರಿಯಲ್ಲಿ ಕೇಳುಗರಿಗೆ ಅದು ದಕ್ಕದೆ ಹೋದಾಗ, ಪ್ರಕಾಶಕನ ಕೋರಿಕೆಯಂತೆ ಅದನ್ನು 133 ಎಂದು ಬೇರ್ಪಡಿಸಿ ಬೀಥೋವನ್ ಹಗುರವಾದ ಇನ್ನೊಂದು ಮುಕ್ತಾಯ ಬರೆದನು. 130ನ್ನು ಒಂದು ಸಂಜೆ ಫ್ಯೂಗ್‌ನೊಂದಿಗೂ ಮರುಸಂಜೆ ಹೊಸ ಮುಕ್ತಾಯದೊಂದಿಗೂ ಪೂರ್ತಿ ಕೇಳಬೇಕು, ಅದರಲ್ಲೂ ಮುಕ್ತಾಯಕ್ಕೂ ಮುಂಚಿನ, ಕವಾಟಿನಾ ಎಂಬ ಹಾಡಿನಂಥ ನಿಧಾನ ಭಾಗ ಮುಗಿದ ಮರುಕ್ಷಣದಲ್ಲಿ ಕಿವಿ ಏನನ್ನು ನಿರೀಕ್ಷಿಸುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು.